ಹೊಳೆವ್ವನ ಹೆಸರಿನ ಒಂಬತ್ತು ನಂಬರ್

ಹೊಳೆವ್ವನ ಬೆರಳಿನ ತುದಿಗೆ ಗೆರೆಗಳೇ ಇರಲಿಲ್ಲ. ಹದಿನೆಂಟು ವರ್ಷ ಒಣಮೆಣಸಿನಕಾಯಿ ತೊಟ್ಟು ಮುರಿದು ಮುರಿದು ಸವೆದು ಹೋಗಿದ್ದವು. ಮುಂಜಾನೆ ಎಂಟಕ್ಕೆ ಟೆಂಪೋ ಹತ್ತಿ ಗೋದಾಮಿಗೆ ಹೋದರೆ ಹೊತ್ತು ಮುಳುಗುವ ತನಕ ತಟ್ಟಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ಕೆಲಸ. ಮೂಗಿಗೆ ಸೆರಗು ಕಟ್ಟಿಕೊಂಡರೂ ಸೀನು ಬಿಡದು. ಮನೆಗೆ ಬಂದು ರೊಟ್ಟಿ ಹಿಟ್ಟು ನಾದುವಾಗ ಅಂಗೈ ಕೆಂಡದಂತೆ ಉರಿಯುತ್ತಿತ್ತು. ರೇಷನ್ ಅಂಗಡಿಯ ಮಷಿನ್ ಆಕೆಯ ಗುರುತೇ ಹಿಡಿಯುತ್ತಿರಲಿಲ್ಲ. "ಥಂಬ್ ಬರವಲ್ದು, ಕೈ ತೊಳಕೊಂಡು ಬಾ" ಎಂದು ಕಳಿಸುವರು. ತೊಳೆದು ಬಂದರೆ "ನಾಳೆ ಬಾ" ಎನ್ನುವರು.

ಅದಕ್ಕೇ ಎರಡು ವರ್ಷದ ಹಿಂದೆ ಬಸವೇಶ "ಬರವಲ್ದು ಅವ್ವ, ಇನ್ನೊಮ್ಮೆ ಒತ್ತು" ಎಂದಾಗ ಆಕೆಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ.

ಬಸವೇಶ ಊರ ಸಾವ್ಕಾರ ಪರಮೇಶಪ್ಪನ ಮಗ. ಹತ್ತಿಮತ್ತೂರು ದಾಟಿ ಎರಡು ಮೈಲಿಗೆ ಇರುವ ಆ ಊರಲ್ಲಿ ಅರ್ಧ ಹೊಲ ಅವರದು. ಮೆಣಸಿನಕಾಯಿ ಗೋದಾಮೂ ಅವರದೇ. ಆ ಮನೆತನದವರು ಕೇರಿಯ ಒಳಗೆ ಕಾಲಿಟ್ಟವರಲ್ಲ. ಏನಿದ್ದರೂ ದಾರಿಯಲ್ಲಿ ನಿಂತು ಕೂಗುವವರು. ಬಸವೇಶ ಮಾತ್ರ ಬಂದ. ಹೊಳೆವ್ವನ ಕಟ್ಟೆಯ ಮೇಲೆ ಕೂತ. ಚಹಾ ಕೇಳಿ ಇಸಿದುಕೊಂಡು ಕುಡಿದ. "ಅವ್ವ" ಅಂದ. ಇಡೀ ಕೇರಿ ಅವತ್ತು ಅದನ್ನೇ ಮಾತಾಡಿತು. ಹುಡುಗ ಓದಿದವನು, ಅಪ್ಪನಂಗಲ್ಲ ಅಂತ.

"ಸರ್ಕಾರದ ರೊಕ್ಕ ಬರಬೇಕಂದ್ರ ನಿಮ್ಮ ಹೆಸರಿನ್ಯಾಗ ನಂಬರ್ ಇರಬೇಕು. ಸಿಮ್ ಪುಗಸೆಟ್ಟಿ ಕೊಡ್ತೇನಿ. ತನುಜಾ, ಮಂದೀನ ಕರಕೊಂಡು ಬಾರವ್ವ" ಎಂದ.

ತನುಜಾ ಹೊಳೆವ್ವನ ಮಗಳು. ಸವಣೂರಿಗೆ ಬಸ್ಸಿನಲ್ಲಿ ಓಡಾಡಿ ಬಿ.ಎ. ಮುಗಿಸಿ ಮನೆಯಲ್ಲಿದ್ದಳು. ಅವ್ವನೂ ಸೇರಿ ಕೇರಿಯ ಹನ್ನೊಂದು ಹೆಂಗಸರನ್ನು ಅವಳೇ ಕರೆತಂದಳು. ಬೆರಳು ಜಾರುತ್ತವೆಂದು ಒಬ್ಬೊಬ್ಬರ ಕೈ ಹಿಡಿದು ಮಷಿನ್ ಮೇಲೆ ಅವಳೇ ಒತ್ತಿಸಿದಳು. ತನ್ನ ಅವ್ವನ ಹೆಬ್ಬೆರಳನ್ನೂ. "ಬರವಲ್ದು, ಇನ್ನೊಮ್ಮೆ." "ಬರವಲ್ದು, ಇನ್ನೊಮ್ಮೆ." ಎಲ್ಲರ ಕೈಯೂ ಮೆಣಸಿನಕಾಯಿಯ ಕೈಯೇ, ಎಲ್ಲರೂ ನಂಬಿದರು. ಒಬ್ಬೊಬ್ಬರ ಕೈಗೂ ಒಂದೊಂದು ಸಿಮ್ ಬಂತು.

ಮರುವಾರ ಬಸವೇಶ ತನುಜಾಳಿಗೆ ಕೆಲಸ ಕೊಟ್ಟ. ಬಂಕಾಪುರದಲ್ಲಿ ಗೊಬ್ಬರದಂಗಡಿಯ ಮಾಳಿಗೆ ಮೇಲೆ ಒಂದು ಕೋಣೆ. ಎರಡು ಕಂಪ್ಯೂಟರ್. ಗೋಡೆಗೆ ಕಬ್ಬಿಣದ ಡಬ್ಬಿಗಳು. ಡಬ್ಬಿಯ ತುಂಬ ಸಿಮ್‌ಗಳು, ಒಂದೊಂದಕ್ಕೂ ಸಣ್ಣ ಹಸಿರು ದೀಪ.

"ಇದೇನ್ರಿ ಅಣ್ಣಾರ?"

"ವರ್ಚುವಲ್ ನಂಬರ್. ಈಗ ಯಾವ ಆ್ಯಪ್ ತಗದ್ರೂ ನಂಬರ್ ಕೇಳತೈತಿ, ಅದಕ್ಕ ಒಂದು ಕೋಡ್ ಬರತೈತಿ. ಎಷ್ಟೋ ಮಂದಿಗೆ ತಮ್ಮ ಸ್ವಂತ ನಂಬರ್ ಕೊಡಾಕ ಮನಸ್ಸಿರೂದಿಲ್ಲ. ಅಂಥವರಿಗೆ ನಾವು ನಂಬರ್ ಬಾಡಿಗಿ ಕೊಡ್ತೇವಿ. ಬಂದ ಕೋಡ್ ನೀ ಟೈಪ್ ಮಾಡಿ ಕಳಸೂದು. ಅಷ್ಟ ಕೆಲಸ."

"ಇವು ಯಾರ ನಂಬರ್‍ರಿ?"

ಬಸವೇಶ ನಕ್ಕ. "ಯಾರವೂ ಅಲ್ಲ. ಗಾಳ್ಯಾಗಿನ ನಂಬರ್."

ತನುಜಾಳಿಗೆ ಕೆಲಸ ಹಿಡಿಸಿತು. ಫ್ಯಾನಿನ ಕೆಳಗೆ ಕುರ್ಚಿ. ಕೈ ಉರಿಯುವುದಿಲ್ಲ. ಒಬ್ಬಳು ಹುಡುಗಿ ಕಂಪ್ಯೂಟರ್ ಕೆಲಸ ಮಾಡುತ್ತಾಳೆಂದು ಕೇರಿಗೆ ಹೆಮ್ಮೆ. ದಿನಕ್ಕೆ ಮುನ್ನೂರು ನಾನೂರು ಕೋಡ್ ಟೈಪ್ ಮಾಡುವಳು. ಯಾರಿಗೆ ಹೋಗುತ್ತವೆ, ಯಾಕೆ ಹೋಗುತ್ತವೆ ಎಂದು ಒಂದೆರಡು ಸಲ ಮನಸ್ಸಿಗೆ ಬಂದದ್ದುಂಟು. ಕೇಳಲಿಲ್ಲ. ಕೇಳಿದರೆ ಕುರ್ಚಿ ಹೋದೀತು ಎಂಬ ಅಂಜಿಕೆ ಅವಳಿಗಿತ್ತು. ಅದನ್ನು ಮುಚ್ಚಿಟ್ಟು ಹೇಳಿದರೆ ಈ ಕಥೆ ಸುಳ್ಳಾದೀತು.

ಹೀಗೇ ಎರಡು ವರ್ಷ ಕಳೆದವು. ಒಂದು ಗುರುವಾರ ಮಟಮಟ ಮಧ್ಯಾಹ್ನ ಗೋದಾಮಿನ ಮುಂದೆ ಪೊಲೀಸ್ ಜೀಪು ನಿಂತಿತು. ಇಲ್ಲಿನ ಪೊಲೀಸರ ಜೊತೆ ಪರರಾಜ್ಯದ ಇಬ್ಬರಿದ್ದರು.

"ಹೊಳೆವ್ವ ಯಾರು?"

ಹೊಳೆವ್ವ ಮೂಗಿನ ಸೆರಗು ಬಿಚ್ಚಿ ಎದ್ದು ನಿಂತಳು. ಎಲ್ಲರ ಎದುರಿಗೆ ಆಕೆಯನ್ನು ಜೀಪಿಗೆ ಹತ್ತಿಸಿದರು. ಕೈ ತೊಳೆದುಕೊಳ್ಳಲೂ ಬಿಡಲಿಲ್ಲ. ಅಳು ಬಂತೆಂದು ಕಣ್ಣೊರೆಸಿಕೊಂಡಳು. ಮೆಣಸಿನಕಾಯಿ ಕೈ ಕಣ್ಣಿಗೆ ತಾಗಿ, ಠಾಣೆ ಮುಟ್ಟುವ ತನಕ ಆಕೆಗೆ ಏನೂ ಕಾಣಲಿಲ್ಲ.

ತನುಜಾ ಸುದ್ದಿ ತಿಳಿದು ಓಡಿ ಬಂದಾಗ ಸಾಹೇಬರು ಒಂದು ಕಾಗದ ತೋರಿಸಿದರು. ದೂರದ ಊರಿನಲ್ಲಿ ಒಬ್ಬ ಮುದುಕಿ. ದವಾಖಾನೆಯಲ್ಲಿ ನರ್ಸ್ ಆಗಿ ರಿಟೈರ್ ಆದಾಕೆ. ಯಾರೋ ಆಕೆಯ ಮಗನ ಫೋಟೋ ಹಾಕಿ ಮೆಸೇಜಿನ ಆ್ಯಪ್‌ನಲ್ಲಿ ಖಾತೆ ತೆರೆದಿದ್ದರು. "ಅವ್ವಾ, ಅಪಘಾತ ಆಗೈತಿ" ಎಂದು ಬರೆದು ಆಕೆ ಕೂಡಿಟ್ಟಿದ್ದನ್ನೆಲ್ಲ ಬಳಿದುಕೊಂಡಿದ್ದರು. ಆ ಖಾತೆ ತೆರೆದ ನಂಬರ್ ಹೊಳೆವ್ವನ ಹೆಸರಿನಲ್ಲಿತ್ತು.

"ನನ್ನ ನಂಬರ್ ಅದಲ್ಲರಿ" ಎಂದು ಹೊಳೆವ್ವ ಹತ್ತು ಸಲ ಹೇಳಿದ್ದಳು.

ತನುಜಾ ಕಾಗದದ ಮೇಲಿನ ನಂಬರ್ ನೋಡಿದಳು. ಕೊನೆಗೆ ಏಳು ಏಳು ಏಳು. ದಿನಾ ನೋಡುವ ನಂಬರ್. ನೆನಪಿಡಲು ಸಲೀಸು ಎಂದು ಅವಳಿಗೆ ಅದರ ಮೇಲೆ ಒಂದು ನಮೂನಿ ಪ್ರೀತಿಯೂ ಇತ್ತು. ಆ ಮುದುಕಿಯ ಮನೆ ಮುರಿದ ಕೋಡನ್ನು ಟೈಪ್ ಮಾಡಿ ಕಳಿಸಿದ್ದು ಅವಳ ಬೆರಳೇ.

ಸಂಜೆ ನೋಟಿಸ್ ಕೊಟ್ಟು ಬಿಟ್ಟರು. ಸೋಮವಾರ ಮತ್ತೆ ಬರಬೇಕು. ಹೊರಡುವಾಗ ಒಬ್ಬ ಮಹಿಳಾ ಪೊಲೀಸ್ ತನುಜಾಳನ್ನು ಬದಿಗೆ ಕರೆದು, "ತಂಗಿ, ನಮ್ಮ ಹೆಸರಿನ್ಯಾಗ ಎಷ್ಟು ನಂಬರ್ ಅದಾವು ನೋಡಾಕ ಸರ್ಕಾರದ್ದ ವೆಬ್‌ಸೈಟ್ ಐತಿ. ಮದಲ ನೋಡು" ಎಂದಳು.

ಬಸ್ ಸ್ಟ್ಯಾಂಡಿನಲ್ಲೇ ನೋಡಿದಳು. ಹೊಳೆವ್ವನ ಹೆಸರಿನಲ್ಲಿ ಒಂಬತ್ತು ನಂಬರ್. "ಬರವಲ್ದು, ಇನ್ನೊಮ್ಮೆ" ಎಂದು ಒತ್ತಿಸಿದಷ್ಟು ಸಲವೂ ಒಂದೊಂದು ಸಿಮ್ ಆಗಿತ್ತು, ಕೈಗೆ ಕೊಟ್ಟದ್ದು ಒಂದೇ.

ಮರುದಿನ ಬಂಕಾಪುರದ ಕೋಣೆಗೆ ಹೋದಳು. ಡಬ್ಬಿಗಳಲ್ಲಿ ಒಂದೊಂದು ಸಿಮ್ಮಿಗೂ ಒಂದು ಚೀಟಿ ಅಂಟಿಸಿದ್ದರು. ಎಚ್ ಒಂದರಿಂದ ಎಚ್ ಎಂಟು. ಎಂ ಒಂದರಿಂದ ಎಂ ಆರು. ಡಿ ಒಂದರಿಂದ ಡಿ ಏಳು. ಮಷಿನ್ನಿನ ಲೆಕ್ಕ ಇರಬೇಕು ಎಂದುಕೊಂಡಿದ್ದಳು ಇಷ್ಟು ದಿನ. ಎಚ್ ಅಂದರೆ ಹೊಳೆವ್ವ. ಎಂ ಅಂದರೆ ಪಕ್ಕದ ಮನೆಯ ಮಂಜವ್ವ. ಡಿ ಅಂದರೆ ಕೇರಿಯ ತುದಿಮನೆಯ ದಾವಲಬಿ. ಎರಡು ವರ್ಷ ತನ್ನ ಕೇರಿಯ ಹೆಂಗಸರ ನಡುವೆಯೇ ಕೂತು, ಅವರನ್ನು ಬಾಡಿಗೆಗೆ ಕೊಟ್ಟಿದ್ದಳು.

"ಗಾಳ್ಯಾಗಿನ ನಂಬರ್ ಅಂದ್ರಲ್ಲರಿ, ಅಣ್ಣಾರ" ಎಂದಳು ಬಸವೇಶನಿಗೆ.

ಬಸವೇಶ ಬಾಗಿಲು ಎಳೆದು ಮುಚ್ಚಿದ. "ಕೂಗಾಡಬ್ಯಾಡ. ನಾ ಇದ್ದೇನಲ್ಲ? ವಕೀಲರ ಕಡಿಂದ ಸಿಮ್ ಕಳದೈತಿ ಅಂತ ಬರಸ್ತೇನಿ. ಅವ್ವಗ ಏನೂ ಆಗೂದಿಲ್ಲ. ಈ ಕೋಣಿ ಮಾತು ಮಾತ್ರ ಎತ್ತಬ್ಯಾಡ."

ಭಾನುವಾರ ಕಾಗದ ಹಿಡಿದುಕೊಂಡು ಮನೆಗೇ ಬಂದ. ಕಟ್ಟೆಯ ಮೇಲೆ ಕೂತ. ಇಂಕಿನ ಡಬ್ಬಿ ತೆಗೆದ.

"ಸಿಮ್ ಕಳಕೊಂಡೇನಿ ಅಂತ ಐತಿ ಅವ್ವ. ಇಲ್ಲೊಂದು ಹೆಬ್ಬಟ್ಟು ಒತ್ತಿಬಿಡು."

ಹೊಳೆವ್ವ ಕೈ ಮುಂದೆ ಮಾಡಿದಳು. ಇನ್ನೂ ನಂಬಿಕೆ ಇತ್ತು ಆಕೆಗೆ. ತನುಜಾ ಒಳಗಿನಿಂದ ಬಂದು ಕಾಗದ ಕಸಿದುಕೊಂಡಳು. ಗಟ್ಟಿಯಾಗಿ ಓದಿದಳು:

"ನನ್ನ ಹೆಸರಿನ ಸಿಮ್‌ಗಳನ್ನು ನಾನು ಸ್ವಂತ ಖುಷಿಯಿಂದ, ನನ್ನ ಮಗಳಾದ ತನುಜಾಳ ಮೂಲಕ, ಗುರುತಿಲ್ಲದ ವ್ಯಕ್ತಿಗಳಿಗೆ ಮಾರಿರುತ್ತೇನೆ. ಇದರಲ್ಲಿ ಬೇರೆ ಯಾರ ಸಂಬಂಧವೂ ಇರುವುದಿಲ್ಲ."

ಹೊಳೆವ್ವ ಚಾಚಿದ ಕೈ ಮೆಲ್ಲಗೆ ಹಿಂದಕ್ಕೆಳೆದುಕೊಂಡಳು. ಆ ಮನೆತನದವರ ಮುಂದೆ ಆಕೆ ಜನ್ಮದಲ್ಲಿ ತಲೆ ಎತ್ತಿ ಮಾತಾಡಿದವಳಲ್ಲ.

"ನಿನ್ನ ಬಾಯಾಗ ಅವ್ವ ಅನ್ನೂ ಮಾತು ಬಂದಿದ್ದು ಇದಕ್ಕೇನಪಾ?" ಎಂದಳು. "ನನ್ನ ಮಗಳನ್ನೂ ಸೇರಿಸಿ ಬರದೀಯಲ್ಲ. ನಾ ನಿಂಗ ಚಾದಾಗ ಏನರ ಕಲಸಿ ಕೊಟ್ಟಿದ್ನೇನು?"

ಬಸವೇಶನ ಮುಖ ಅವನ ಅಪ್ಪನ ಮುಖವಾಯಿತು. ಎದ್ದು ನಿಂತ.

"ಯಾರ ಗೋದಾಮಿನ್ಯಾಗ ಉಣ್ಣಾಕತ್ತೀರಿ ಅನ್ನೂದು ನೆನಪಿರ್ಲಿ. ಕೇರಿ ತುಂಬ ಹೆಬ್ಬಟ್ಟು ಒತ್ತಿಸಿದಾಕಿ ನಿನ್ನ ಮಗಳು. ನಾ ಮುಟ್ಟಿಲ್ಲ ಒಬ್ಬರ ಕೈನೂ."

ಅವನ ಮಾತು ನಿಜವಾಗಿತ್ತು. ತನುಜಾಳಿಗೆ ಅದೇ ಎದೆಗೆ ನಾಟಿತು. ಅವನು ಒಬ್ಬರ ಕೈಯನ್ನೂ ಮುಟ್ಟಿರಲಿಲ್ಲ.

ಅವನು ಹೋದ ಮೇಲೆ ತನುಜಾ ಮನೆ ಮನೆಗೆ ಹೋಗಿ ಹನ್ನೊಂದು ಮಂದಿಯನ್ನೂ ಕೂಡಿಸಿದಳು. ಎಲ್ಲ ಹೇಳಿದಳು. ಒಬ್ಬೊಬ್ಬರ ಫೋನ್ ಇಸಿದುಕೊಂಡು ನೋಡಿದಳು. ಮಂಜವ್ವ, ಏಳು. ದಾವಲಬಿ, ಎಂಟು. ಗಂಡ ತೀರಿದ ಶೀಲಾಗೆ ಒಂಬತ್ತು.

"ನನ್ನ ಬಟ್ಟು ಹಿಡದು ಒತ್ತಿಸಿದಾಕಿ ನೀನ ಅಲ್ಲೇನ್ ಬೇಟಾ?" ದಾವಲಬಿ ಕೇಳಿದಳು.

"ಹೌದ್ರಿ, ಚಾಚಿ."

"ಅಲ್ಲಿ ಕುಂತು ದಿನಾ ನೋಡಿದಾಕಿನೂ ನೀನ?"

"ಹೌದ್ರಿ."

ಮಂಜವ್ವ ತನುಜಾಳನ್ನು ಸಣ್ಣಂದಿನಿಂದ ಎತ್ತಿ ಆಡಿಸಿದವಳು. ಎದ್ದಳು, ನೆಲಕ್ಕೆ ಉಗುಳಿದಳು, ಹೋಗಿ ಬಾಗಿಲು ಹಾಕಿಕೊಂಡಳು. ತನುಜಾ ಅಲ್ಲೇ ನಿಂತಳು. ಅತ್ತರೆ ಕರುಣೆ ಬೇಡಿದಂತಾಗುತ್ತದೆಂದು ಅಳಲಿಲ್ಲ.

ಸೋಮವಾರ ಗೋದಾಮಿನ ಟೆಂಪೋ ಬಂದು ಹಾರ್ನ್ ಹೊಡೆಯಿತು. ಯಾರೂ ಹತ್ತಲಿಲ್ಲ. ತನುಜಾಳ ಜೊತೆ ಹನ್ನೊಂದು ಮಂದಿಯೂ ಠಾಣೆಯ ಕಡೆಗೆ ಬಸ್ ಹತ್ತಿದರು. ಮಂಜವ್ವನೂ ಬಂದಳು. ತನುಜಾಳ ಪಕ್ಕದ ಸೀಟು ಖಾಲಿಯಿದ್ದರೂ ದಾರಿ ತುಂಬ ನಿಂತೇ ಬಂದಳು.

ಠಾಣೆಯಲ್ಲಿ ಸಾಹೇಬರ ಮುಂದಿನ ಕುರ್ಚಿಯಲ್ಲಿ ಬಸವೇಶನ ವಕೀಲ ಆಗಲೇ ಕೂತಿದ್ದ. ಇಷ್ಟು ಮಂದಿಯನ್ನು ನೋಡಿ ಸಾಹೇಬರು ಹುಬ್ಬು ಗಂಟು ಹಾಕಿದರು.

"ಇಷ್ಟು ಮಂದಿ ಯಾಕ? ಒಬ್ಬರು ಅರ್ಜಿ ಕೊಡ್ರಿ, ಸಾಕು. ಯಾರೋ ಗುರುತಿಲ್ಲದವರು ಮೋಸ ಮಾಡ್ಯಾರ ಅಂತ ಬರೀರಿ."

"ಗುರುತು ಐತ್ರಿ ಸಾಹೇಬ್ರ. ಹೆಸರು ಹಾಕಿ ಬರದೇನ್ರಿ" ಎಂದು ತನುಜಾ ಹನ್ನೊಂದು ಅರ್ಜಿಗಳನ್ನು ಮೇಜಿನ ಮೇಲೆ ಇಟ್ಟಳು. ಅದರ ಮೇಲೆ ಇನ್ನೊಂದು ಇಟ್ಟಳು. ಅದು ಅವಳದೇ.

ಸಾಹೇಬರು ಓದಿದರು. ತಲೆ ಎತ್ತಿದರು. "ಏನಿದು? ಹೆಬ್ಬಟ್ಟು ಒತ್ತಿಸಿದಾಕಿ ನಾನ, ಕೋಡ್ ಕಳಿಸಿದಾಕಿನೂ ನಾನ ಅಂತ ಬರದಿ. ಇದನ್ನ ತಗೊಂಡ್ರ ನಿನ್ನ ಮ್ಯಾಲೂ ಕೇಸ್ ಆಕ್ಕೈತಿ, ಗೊತ್ತೈತಿಲ್ಲ?"

ವಕೀಲ ಮುಗುಳ್ನಕ್ಕ.

ಹೊಳೆವ್ವ ಮಗಳ ರಟ್ಟೆ ಹಿಡಿದುಕೊಂಡಳು. "ಬ್ಯಾಡವ್ವ. ನಿಂದು ಹರದು ಒಗಿ."

ತನುಜಾ ಸಾಹೇಬರ ಕಡೆಗೇ ತಿರುಗಿ ನಿಂತಳು.

"ಮದಲ ನನ್ನ ಹೆಸರ ಬರಕೊಳ್ರಿ ಸಾಹೇಬ್ರ. ಆದ್ರ ಎರಡನೇ ಹೆಸರ ಬಿಡಬ್ಯಾಡ್ರಿ."

"ಯಾವ ಹೆಸರು?" ಎಂದರು ಸಾಹೇಬರು, ಕಾಗದದಲ್ಲಿ ಇದ್ದರೂ ಕಾಣದವರಂತೆ.

ತನುಜಾ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಮಂಜವ್ವ ಬಂದು ಅವಳ ಪಕ್ಕ ನಿಂತಳು. ಊರಲ್ಲಿ ಸಾವ್ಕಾರ್ರ ಎನ್ನದೆ ಆ ಮನೆಯವರ ಹೆಸರನ್ನು ಯಾರೂ ಎತ್ತಿದ್ದಿಲ್ಲ.

"ಬಸವೇಶ" ಎಂದಳು ಮಂಜವ್ವ.

"ಪರಮೇಶಪ್ಪನ ಮಗ ಬಸವೇಶ" ಎಂದಳು ದಾವಲಬಿ.

ವಕೀಲ ಎದ್ದು ನಿಂತು ಏನೋ ಹೇಳಲು ಹೋದ. ಶೀಲಾ ಅವನ ಮಾತಿನ ಮೇಲೆ ಆ ಹೆಸರು ಹೇಳಿದಳು. ಅವಳ ಹಿಂದಿನವಳು ಹೇಳಿದಳು. ಕೊನೆಗೆ ಹೊಳೆವ್ವ ಮಗಳ ರಟ್ಟೆ ಬಿಟ್ಟು, ಮೇಜಿನ ಹತ್ತಿರ ಬಂದು, ಸಾಹೇಬರು ಮುಚ್ಚಿಟ್ಟಿದ್ದ ಪೆನ್ನಿನ ಮುಚ್ಚಳ ತೆಗೆದು ಅದನ್ನು ಅವರ ಕೈಗೆ ಕೊಟ್ಟಳು.