ಶಂಭುಲಿಂಗನ ಸ್ವಂತ ದನಿ

ಬೆಳಗಿನ ಐದೂವರೆಗೆ ಹೊಸಪೇಟೆ ಬಿಡುವ ಕಂಪನಿ ಬಸ್ಸಿನಲ್ಲಿ ನಿದ್ದೆ ಮಾಡುವವರು ಕಡಿಮೆ. ಕಾರಿಗನೂರು ದಾಟುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಶಂಭುಲಿಂಗನ ಗಂಟಲು ತೆರೆದುಕೊಳ್ಳುತ್ತಿತ್ತು. ಆ ಗಂಟಲು ಒಂದು ಛತ್ರವಿದ್ದಂತೆ. ಯಾರು ಬೇಕಾದರೂ ಬಂದು ಇಳಿದುಕೊಳ್ಳಬಹುದು. ಸೀನುವ ಮುಂಚೆ ಮೂರು ಸಲ ಶಿವನನ್ನು ಕರೆಯುವ ಸೂಪರ್‌ವೈಸರ್ ಚನ್ನಯ್ಯ, ಹೆಂಡತಿಯ ಫೋನು ಬಂದರೆ ಹುಲಿಯಂತೆ ಶುರುಮಾಡಿ ಇಲಿಯಂತೆ ಮುಗಿಸುವ ಗ್ಯಾಸ್ ಕಟರ್ ಅಂಜಿನಿ, ಕೊನೆಗೆ ಗೇರು ಬದಲಿಸಿದಾಗ ನರಳುವ ಬಸ್ಸು, ಎಲ್ಲರಿಗೂ ಅಲ್ಲಿ ಜಾಗವಿತ್ತು.

ನಲವತ್ತಾರರ ಶಂಭುಲಿಂಗ ಹಣೆಗೆ ವಿಭೂತಿ ಹಚ್ಚಿಕೊಳ್ಳದೆ ಮನೆ ಬಿಟ್ಟವನಲ್ಲ, ಯಾರನ್ನಾದರೂ ಅಣಕಿಸದೆ ಬಸ್ಸು ಇಳಿದವನೂ ಅಲ್ಲ. ತೋರಣಗಲ್ಲಿನ ಆಚೆಯ ಯಾರ್ಡಿನಲ್ಲಿ ದೊಡ್ಡ ಕಬ್ಬಿಣದ ಪ್ಲೇಟುಗಳನ್ನು ಕತ್ತರಿಸಿ ಜೋಡಿಸುವ ಕೆಲಸ ನಡೆಯುತ್ತಿತ್ತು. ಅಲ್ಲಿ ಅವನು ಸಿಗ್ನಲ್‌ಮನ್. ಮೇಲೆ ಕುಳಿತ ಕ್ರೇನ್ ಆಪರೇಟರನಿಗೆ ಕೆಳಗಿನಿಂದ ವಾಕಿಟಾಕಿಯಲ್ಲಿ ದಾರಿ ಹೇಳುವವನು. ಅವನ ಬಾಯಿಗೆ ಬೀಳದವರು ಇನ್ನೂ ಯಾರ್ಡಿಗೆ ಪೂರ್ತಿ ಸೇರಿಲ್ಲ ಎಂದೇ ಎಲ್ಲರ ಲೆಕ್ಕ.

ಹಾಗಾಗಿ ಮಲಪನಗುಡಿಯ ಹೇಮಾ ಯಾರ್ಡಿನ ಮೊದಲ ಹೆಣ್ಣು ಆಪರೇಟರ್ ಆಗಿ ಬಂದ ಎರಡನೇ ವಾರಕ್ಕೇ ಅವಳ ದನಿಯೂ ಛತ್ರಕ್ಕೆ ಬಂದಿಳಿಯಿತು. ಸಿಗ್ನಲ್‌ಮನ್ ಹೇಳಿದ್ದನ್ನು ಆಪರೇಟರ್ ಬಾಯಿಬಿಟ್ಟು ತಿರುಗಿ ಹೇಳಬೇಕು, ಆಮೇಲೆಯೇ ಕ್ರೇನ್ ಅಲುಗಬೇಕು. ಹೇಮಾ ಹೇಳುವಾಗ ಮಾತಿನ ಕೊನೆ ತೆಳ್ಳಗೆ ಮೇಲೇರುತ್ತಿತ್ತು. “ಎತ್ತಾಕತ್ತೀನಣ್ಣಾ” ಎಂದರೆ ಪ್ಲೇಟಿಗಿಂತ ಮೊದಲು ದನಿಯೇ ಎದ್ದು ಹೋದಂತೆ. ಶಂಭುಲಿಂಗ ಅದನ್ನು ಹಿಡಿದ. ಬಸ್ಸು ಬಿದ್ದು ಬಿದ್ದು ನಕ್ಕಿತು. ಮುಂದಿನ ಸೀಟಿನಲ್ಲಿದ್ದ ಹೇಮಾಳೂ ಹಿಂದೆ ತಿರುಗಿ ನಕ್ಕಳು. ಹುಡುಗಿ ಸೇರಿಕೊಂಡಳು ಎಂದು ಅವನಿಗೆ ಸಮಾಧಾನವಾಯಿತು. ಅಲ್ಲಿಂದ ದಿನಕ್ಕೊಂದು ಆಟ. ಬರಬರುತ್ತ ಯಾರ್ಡಿನಲ್ಲಿ ನಟ್ಟು ಬಿಗಿಯುವ ಪಾನಾ ಕೇಳುವವನೂ ಅದೇ ದನಿಯಲ್ಲಿ ಕೇಳತೊಡಗಿದ.

ಒಂದು ದಿನ ವಾಕಿಟಾಕಿ ಸುಮ್ಮನಾಯಿತು. ಎತ್ತು ಎಂದರೆ ಮೇಲಿನಿಂದ ಒಂದು ಹಾರನ್, ಇಳಿಸು ಎಂದರೆ ಎರಡು. ಕೆಲಸದಲ್ಲಿ ಎಳ್ಳಷ್ಟೂ ತಪ್ಪಿಲ್ಲ, ಬಾಯಲ್ಲಿ ಮಾತ್ರ ಒಂದು ಅಕ್ಷರವಿಲ್ಲ. ಬಸ್ಸಿನಲ್ಲೂ ಅವಳು ಕಿವಿಗೆ ದುಪಟ್ಟಾ ಸುತ್ತಿಕೊಂಡು ಕಿಟಕಿಯತ್ತ ತಿರುಗಿ ಕೂರುತ್ತಿದ್ದಳು. ಚಳಿ ಇರಬೇಕೆಂದು ಶಂಭುಲಿಂಗ ಅಂದುಕೊಂಡ. ಬಳ್ಳಾರಿ ಸೀಮೆಯ ಏಪ್ರಿಲ್ಲಿನಲ್ಲಿ ಹಾಗಂದುಕೊಳ್ಳಲು ಬಹಳ ಒಳ್ಳೆಯ ಮನಸ್ಸು ಬೇಕು.

ಗುರುವಾರ ಚನ್ನಯ್ಯ ಅವನನ್ನು ಕರೆದು ಒಂದು ಕಾಗದ ಮುಂದಿಟ್ಟರು. ಹೇಮಾಳ ಮೂರು ತಿಂಗಳ ಪರೀಕ್ಷಾ ಅವಧಿ ಶನಿವಾರಕ್ಕೆ ಮುಗಿಯುತ್ತದೆ. ಮಾತಿನಲ್ಲಿ ಸಿಗ್ನಲ್ ತಿರುಗಿ ಹೇಳದ ಕಾರಣ ಅವಳನ್ನು ಕ್ರೇನಿನಿಂದ ಇಳಿಸಿ ಸ್ಟೋರಿಗೆ ಹಾಕಬೇಕು ಎಂದು ಅದರಲ್ಲಿತ್ತು. ಸಿಗ್ನಲ್‌ಮನ್ನನ ಸಹಿ ಬೇಕಿತ್ತು.

“ಹೆಣ್ಮಗಳು ಅಂತ ಬರದಿಲ್ಲಪ ನಾನು. ಕೈ ಮಸ್ತ್ ಐತಿ, ನನಗೂ ಗೊತ್ತು. ಆದ್ರ ಮ್ಯಾಲ ಕುಂತೋರಿಗೆ ಬಾಯಿ ಇಲ್ಲಂದ್ರ ಕೆಳಗ ಇದ್ದೋರ ಗತಿ ಏನು?” ಎಂದರು ಚನ್ನಯ್ಯ.

ತಪ್ಪೇನೂ ಇರಲಿಲ್ಲ ಆ ಮಾತಿನಲ್ಲಿ. ಆದರೂ ಶಂಭುಲಿಂಗ ಪೆನ್ನು ಮುಟ್ಟಲಿಲ್ಲ. ಐಟಿಐ ಮುಗಿಸಿ, ಎರಡು ವರ್ಷ ಅರ್ಜಿ ಹಾಕಿ ಹಾಕಿ ಆ ಏಣಿ ಹತ್ತಿದವಳು ಹೇಮಾ. ಒಂದು ದಿನ ತಡೆಯಿರಿ, ಮಾತಾಡಿಸುತ್ತೇನೆ ಎಂದು ಹೇಳಿ ಬಂದ.

ಊಟದ ಹೊತ್ತಿಗೆ ಅವಳು ಕ್ರೇನಿನ ಕಂಬದ ನೆರಳಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದಳು. ಶಂಭುಲಿಂಗ ಎದುರಿಗೆ ಕುಕ್ಕರುಗಾಲಲ್ಲಿ ಕೂತು ಚನ್ನಯ್ಯನವರ ಸೀನಿನಿಂದ ಮಾತು ಶುರುಮಾಡಿದ. ಅವಳು ನಗಲಿಲ್ಲ. ಆಗ ಕಾಗದದ ವಿಷಯ ಹೇಳಿ, ಯಾಕೆ ಮಾತು ಬಿಟ್ಟೆ ಎಂದು ಕೇಳಿದ.

ಮೊದಲು ಏನೂ ಇಲ್ಲವೆಂದಳು. ಬಿಡದೆ ಕೇಳಿದ ಮೇಲೆ ರೊಟ್ಟಿ ಡಬ್ಬಿಗೆ ಹಾಕಿ, ತಗ್ಗಿದ ದನಿಯಲ್ಲಿ ಹೇಳಿದಳು. ಮೂರು ವಾರದ ಹಿಂದೆ ಶಂಭುಲಿಂಗ ವಾಕಿಟಾಕಿಯನ್ನು ಅಂಜಿನಿಯ ಕೈಗೆ ಕೊಟ್ಟು ಚಹಾಕ್ಕೆ ಹೋಗಿದ್ದಾಗ ಎರಡು ಟನ್ನಿನ ಪ್ಲೇಟು ಹುಕ್ಕಿನಲ್ಲಿ ನೇತಾಡುತ್ತಿತ್ತು. ಕಟ್ಟಿದ್ದ ಬೆಲ್ಟು ಅಂಚಿಗೆ ಸರಿಯುತ್ತಿರುವುದು ಮೇಲಿನಿಂದ ಅವಳಿಗೆ ಕಂಡಿತು. ಕೆಳಗೆ ಅಂಜಿನಿ ನಡೆದು ಬರುತ್ತಿದ್ದ. ನಿಲ್ಲಣ್ಣಾ, ಮುಂದ ಬರಬ್ಯಾಡ ಎಂದು ವಾಕಿಟಾಕಿಯಲ್ಲಿ ಕೂಗಿದಳು. ಅಂಜಿನಿ ತಲೆಯೆತ್ತಿ ನೋಡಿ, “ನಿಲ್ಲಣ್ಣಾ” ಎಂದು ಅದೇ ದನಿಯನ್ನು ಎಳೆದು ತಿರುಗಿ ಹೇಳಿ, ನಗುತ್ತಲೇ ಪ್ಲೇಟಿನ ಕೆಳಗೆ ಹಾದುಹೋದ. ಹತ್ತು ಹೆಜ್ಜೆ. ಅವಳು ಎಣಿಸಿದ್ದಳು. ಪ್ಲೇಟು ಬೀಳಲಿಲ್ಲ. ಅದನ್ನು ಮೆಲ್ಲಗೆ ಪಕ್ಕಕ್ಕೆ ಇಳಿಸಿದಳು. ಯಾರಿಗೂ ಹೇಳಲಿಲ್ಲ, ಹೇಳಿದರೆ ಅಂಜಿನಿಯ ಕೆಲಸ ಹೋಗುತ್ತಿತ್ತು.

ಶಂಭುಲಿಂಗನಿಗೆ ಸುಮ್ಮನಿರಲಾಗಲಿಲ್ಲ. “ನಾನು ಚನ್ನಯ್ಯಾರನ್ನೂ ಅಣಕ ಮಾಡ್ತೀನಿ ತಂಗಿ, ಇಪ್ಪತ್ತು ವರ್ಷದಿಂದ. ಪ್ರೀತಿ ಇಲ್ಲದೋರನ್ನ ನಾ ಮಾಡಂಗೇ ಇಲ್ಲ.”

“ಗೊತ್ತೈತಣ್ಣ. ಅದಕ್ಕ ನಾನೂ ನಕ್ಕೆ,” ಎಂದಳು ಹೇಮಾ. “ಆದ್ರ ಚನ್ನಯ್ಯ ಸರು ಸೀನಿದ್ರ ಯಾರೂ ನಿಲ್ಲಬೇಕಾಗಿಲ್ಲ. ನಾ ನಿಲ್ಲು ಅಂದ್ರ ನಿಲ್ಲಬೇಕು. ಹಾರನ್ ಕೇಳಿ ಯಾರೂ ನಗಂಗಿಲ್ಲ ಅಣ್ಣ. ನಿಲ್ತಾರ.”

ಶಂಭುಲಿಂಗ ಎದ್ದು ನೀರು ಕುಡಿಯಲು ಹೋದ.

ನೀರಿನ ಫಿಲ್ಟರಿನ ಪಕ್ಕ ಹಳದಿ ಫಾರಂಗಳ ಕಟ್ಟೊಂದು ನೇತಾಡುತ್ತಿತ್ತು. ಸ್ವಲ್ಪದರಲ್ಲಿ ತಪ್ಪಿಹೋದ ಅಪಾಯಗಳನ್ನು ಕೆಲಸಗಾರರೇ ಬರೆದು ಬೆಳಗಿನ ಸಭೆಯಲ್ಲಿ ಓದಬೇಕೆಂಬುದು ಈ ವರ್ಷದ ಹೊಸ ಪದ್ಧತಿ. ಬರೆದವರಿಗೆ ಶಿಕ್ಷೆಯಿಲ್ಲ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು, ಅದಕ್ಕೇ ಯಾರೂ ನಂಬಿರಲಿಲ್ಲ. ಯಾರ್ಡಿನಲ್ಲಿ ಅದಕ್ಕೆ ಚಾಡಿ ಚೀಟಿ ಎಂದು ಹೆಸರು. ನಾಲ್ಕು ತಿಂಗಳಲ್ಲಿ ಹತ್ತಾರು ಹಾಳೆ ಖರ್ಚಾಗಿದ್ದವು, ಎಲ್ಲವೂ ಮಿರ್ಚಿಯ ಎಣ್ಣೆ ಒರೆಸಲು. ಶಂಭುಲಿಂಗ ಒಂದನ್ನು ಹರಿದುಕೊಂಡು ಬಂದು, ಇದನ್ನು ಬರೆಯಲೇ ಎಂದು ಹೇಮಾಳನ್ನು ಕೇಳಿದ. ಅವಳು ರೊಟ್ಟಿ ಡಬ್ಬಿಯ ಮುಚ್ಚಳ ಹಾಕಿದಳು. ಅಂಜಣ್ಣನ ಹೆಸರು ಬ್ಯಾಡ ಎಂದಳು, ಅಷ್ಟೇ.

ಶುಕ್ರವಾರ ಬೆಳಿಗ್ಗೆ ನಲವತ್ತು ಜನ ಹೆಲ್ಮೆಟ್ ಹಾಕಿಕೊಂಡು ಸಾಲಾಗಿ ನಿಂತಿದ್ದಾಗ ಅವನು ಮುಂದೆ ಬಂದು ಹಾಳೆ ಬಿಡಿಸಿದ. ಓದುವ ಮೊದಲೇ ಅರ್ಧ ಜನ ನಗತೊಡಗಿದರು. ಓದತೊಡಗಿದಾಗ ಉಳಿದವರೂ ಸೇರಿಕೊಂಡರು. ದನಿ ಸ್ವಲ್ಪ ಒಡಕು, ಒತ್ತಕ್ಷರ ಬಂದಲ್ಲಿ ಎಡವುತ್ತಿತ್ತು. “ಇದು ಯಾರ ದನಿಯಪಾ?” ಎಂದು ಅಂಜಿನಿ ಪಕ್ಕದವನನ್ನು ಕೇಳಿದ. ಗೇಟಿನವನದಿರಬೇಕು ಎಂದ ಒಬ್ಬ, ಹೊಸ ಎಂಜಿನಿಯರದು ಎಂದ ಇನ್ನೊಬ್ಬ. ಶಂಭುಲಿಂಗ ಓದುತ್ತಲೇ ಹೋದ. ಎರಡು ಟನ್ ಪ್ಲೇಟು, ಜಾರಿದ ಬೆಲ್ಟು, ಅದರ ಕೆಳಗೆ ಒಬ್ಬ ಕೆಲಸಗಾರ ಹತ್ತು ಹೆಜ್ಜೆ. ಮೊದಲು ನಗು ನಿಂತದ್ದು ಅಂಜಿನಿಯದು. ಅವನು ಹೆಲ್ಮೆಟ್ ತೆಗೆದು ಅದರೊಳಗೆ ನೋಡುತ್ತ ನಿಂತ.

“ಆಪರೇಟರ್ ನಿಲ್ಲು ಅಂದ್ರೂ ಆ ಕೆಲಸಗಾರ ನಿಲ್ಲಲಿಲ್ಲ. ಆ ದನಿ ಕೇಳಿ ನಗೋದನ್ನ ಕಲಿಸಿದಂವ ನಾನು,” ಎಂದು ಶಂಭುಲಿಂಗ ಕೊನೆಯ ಸಾಲಿಗೆ ಬಂದ. “ಅಪಾಯಕ್ಕ ಕಾರಣ, ಯಂತ್ರ ಅಲ್ಲ, ಸಾಮಾನು ಅಲ್ಲ. ಮನುಷ್ಯ. ಹೆಸರು, ಶಂಭುಲಿಂಗ.”

ಆಗಲೇ ಅವರಿಗೆ ತಿಳಿದದ್ದು, ಅದು ಅವನದೇ ದನಿ. ಇಪ್ಪತ್ತು ವರ್ಷ ಜೊತೆಗಿದ್ದೂ, ಎತ್ತು ಇಳಿಸು ಎಂಬ ಎರಡು ಮಾತು ಬಿಟ್ಟರೆ, ಅದನ್ನು ಕೇಳಿದವರಿರಲಿಲ್ಲ.

ಚನ್ನಯ್ಯ ಹಳದಿ ಹಾಳೆ ತೆಗೆದುಕೊಂಡು ಒಮ್ಮೆ ತಾವೇ ಓದಿದರು. ಜೇಬಿನಲ್ಲಿದ್ದ ಶನಿವಾರದ ಕಾಗದವನ್ನು ನಾಲ್ಕಾಗಿ ಹರಿದರು. ಹೇಮಾಳತ್ತ ತಿರುಗಿ, “ಹತ್ತವ್ವ ಮ್ಯಾಲ. ಇನ್ನ ಹಾರನ್ ಬ್ಯಾಡ,” ಎಂದರು.

ಮೊದಲ ಲೋಡಿಗೆ ಶಂಭುಲಿಂಗ ಎತ್ತು ಎಂದ. ವಾಕಿಟಾಕಿಯಲ್ಲಿ ಅವಳ ದನಿ ಬಂತು, ಕೊನೆಯಲ್ಲಿ ಮೊದಲಿನಷ್ಟೇ ತೆಳ್ಳಗೆ ಮೇಲೇರಿ. ಬಾಯನ್ನು ಏನು ಮಾಡುವುದೆಂದು ತಿಳಿಯದ ಕೆಲವರು ಹೆಲ್ಮೆಟ್ಟಿನ ಪಟ್ಟಿ ಬಿಗಿಮಾಡಿಕೊಂಡರು. ಪ್ಲೇಟು ಎದ್ದಿತು, ತಿರುಗಿತು, ತನ್ನ ಜಾಗಕ್ಕೆ ಇಳಿಯಿತು.

“ಶಂಭಣ್ಣಾ, ಎರಡು ಹೆಜ್ಜಿ ಹಿಂದಕ ಹೋಗ್ರಿ,” ಎಂದಳು ಹೇಮಾ.

ಅವನು ಹೋದ.

“ಇನ್ನೊಂದು.”

ಇಟ್ಟ.

“ಇನ್ನೊಂದು ಅಣ್ಣಾ.”

ಶಂಭುಲಿಂಗ ತಲೆಯೆತ್ತಿ ನೋಡಿದ. ಹುಕ್ಕು ಖಾಲಿಯಾಗಿ ಯಾರ್ಡಿನ ಆ ತುದಿಯಲ್ಲಿತ್ತು; ಅವನ ಹತ್ತಿರ ಏನೂ ತೂಗುತ್ತಿರಲಿಲ್ಲ. ಮಾತಾಡಲು ಒತ್ತುವ ಗುಂಡಿಯಿಂದ ಬೆರಳು ತೆಗೆಯಲು ಅವಳು ಮರೆತಿರಬೇಕು, ವಾಕಿಟಾಕಿಯಲ್ಲಿ ತಡೆದ ನಗು ಕೇಳಿಸುತ್ತಿತ್ತು. ನಲವತ್ತು ಜನ ಅವನನ್ನೇ ನೋಡುತ್ತಿದ್ದರು.

ಶಂಭುಲಿಂಗ ಇನ್ನೊಂದು ಹೆಜ್ಜೆ ಹಿಂದಿಟ್ಟ.