ಹುಣಸಿಹೊಂಡದಲ್ಲಿ ಸುಮ್ಮನಾದ ಜನರೇಟರು

ನಾನು ಒಂದು ಜನರೇಟರು. ಹೆಸರು ಕೇಳಿದ ಕೂಡಲೇ ಕಿವಿ ಮುಚ್ಚಿಕೊಳ್ಳಬೇಡಿ, ಈಗ ನಾನು ಸದ್ದು ಮಾಡುವುದಿಲ್ಲ.

ನಾನು ಹುಟ್ಟಿದ ಕಾರ್ಖಾನೆಯಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಒಮ್ಮೆಗೇ ಚಾಲೂ ಮಾಡಿ ನೋಡುತ್ತಿದ್ದರು. ಎಲ್ಲರೂ ಒಟ್ಟಿಗೆ ಅರಚುವಾಗ ಯಾರ ದನಿ ಯಾವುದೆಂದು ತಿಳಿಯುವುದು ಹೇಗೆ? ಕಿವಿಗೆ ಹತ್ತಿ ತುರುಕಿಕೊಂಡ ಒಬ್ಬ ಕೆಲಸಗಾರ ನನ್ನ ಬೆನ್ನ ಮೇಲೆ ಅಂಗೈ ಇಟ್ಟು, ನಡುಕ ನೋಡಿ, ಸರಿಯಿದೆ ಎಂದು ತಲೆಯಾಡಿಸಿದ. ಅವನು ನನ್ನನ್ನು ಕೇಳಿಸಿಕೊಂಡದ್ದು ಕೈಯಿಂದ. ಹಾಗಾಗಿ ನನ್ನ ದನಿ ಎಷ್ಟು ದೊಡ್ಡದು ಎಂಬುದು ನನಗೆ ಬಹಳ ಕಾಲ ಗೊತ್ತೇ ಆಗಲಿಲ್ಲ.

ಆಮೇಲೆ ಇಳಕಲ್ಲಿನಲ್ಲಿ ಶಾಮಿಯಾನ ಬಾಡಿಗೆಗೆ ಕೊಡುತ್ತಿದ್ದ ಕಾಳಿಂಗಪ್ಪನ ಕೈಗೆ ಬಂದೆ. ಮದುವೆ, ಸೀಮಂತ, ಪುರಾಣ ಪ್ರವಚನ, ಎಲ್ಲದಕ್ಕೂ ನಾನೇ. ಅಲ್ಲಿ ನನ್ನ ಗದ್ದಲವೆಂದರೆ ಸಂಭ್ರಮ. ನಾನು ಗಕ್ಕನೆ ನಿಂತರೆ ಊಟಕ್ಕೆ ಕೂತವರು ಕತ್ತಲಲ್ಲಿ "ಹೋ" ಎಂದು ಕೂಗುವರು. ಮತ್ತೆ ಹಗ್ಗ ಎಳೆದು ನನ್ನನ್ನು ಎಬ್ಬಿಸಿದರೆ ಇನ್ನೂ ಜೋರಾಗಿ ಕೂಗುವರು. ನಾನು ಬಾಯಿ ತೆರೆದರೆ ಜಗತ್ತಿಗೆ ಬೆಳಕು ಎಂದುಕೊಂಡು ಬೆಳೆದವನು ನಾನು. ಪೂರ್ತಿ ಸುಳ್ಳೂ ಅಲ್ಲ.

ಕಾಳಿಂಗಪ್ಪ ಅಂಗಡಿ ಮುಚ್ಚಿದಾಗ ನನ್ನನ್ನು ಕೊಂಡವನು ನಿರುಪಾದೆಪ್ಪ. ಜೀವಮಾನವೆಲ್ಲ ಲಾರಿ ಓಡಿಸಿದವನು. ಒಂದು ಹಳೆಯ ಮಿನಿ ಬಸ್ಸು ಹಿಡಿದು, ಒಳಗಿನ ಸೀಟು ಕಿತ್ತು, ಒಂದು ಮಂಚ, ಒಂದು ಒಲೆ, ನೀರಿನ ಡ್ರಮ್ಮು, ಕಿಟಕಿಗೊಂದು ಕೂಲರು ಕೂರಿಸಿ, ಅದನ್ನು ಮನೆಯನ್ನಾಗಿ ಮಾಡಿದ. ಆ ಮನೆ ಯಾರಿಗಾಗಿ ಎಂದರೆ ಅವನ ಹೆಂಡತಿ ಗುರುಸಿದ್ಧವ್ವನಿಗಾಗಿ.

ಗುರುಸಿದ್ಧವ್ವ ಮದುವೆಯಾಗಿ ಬಂದಂದಿನಿಂದ ಪ್ರತಿ ಯುಗಾದಿಗೆ ಕಂಬಿಯ ಹಿಂದೆ ನಡೆದು ಶ್ರೀಶೈಲಕ್ಕೆ ಹೋದವಳು. ಹೆಗಲ ಮೇಲೆ ಹೊರುವ ಬಿದಿರಿನ ಕಂಬಿ, ಅದರ ತುದಿಗೆ ಕಟ್ಟಿದ ಗಂಟೆಗಳು. ಆ ಗಂಟೆ ಮುಂದೆ, ಊರಿನ ಜನ ಹಿಂದೆ. ಈಚೆಗೆ ಬಿಸಿಲು ತಾಕಿದರೆ ಅವಳಿಗೆ ಕಣ್ಣು ಕತ್ತಲೆ ಬರತೊಡಗಿತ್ತು. ನಡೆದರೆ ಜೀವಕ್ಕೆ ಅಪಾಯ, ಹಗಲು ತಂಪಿನಲ್ಲಿ ಇಡಿ ಎಂದು ಡಾಕ್ಟರು ಹೇಳಿದ್ದರು. ಶ್ರೀಶೈಲದ ದೇವರು ಮಲ್ಲಯ್ಯನನ್ನು ಬಿಟ್ಟಿರಲು ಅವಳಿಗೆ ಆಗದು, ಅವಳನ್ನು ಬಿಸಿಲಿಗೆ ಬಿಡಲು ಗಂಡನಿಗೆ ಆಗದು. ಅದಕ್ಕೇ ಆ ಗಾಡಿ, ಆ ಕೂಲರು, ಮತ್ತು ನಾನು.

ದಾರಿಯಲ್ಲಿ ನಮ್ಮ ಮೊದಲ ತಂಗುದಾಣವೇ ಈ ಹುಣಸಿಹೊಂಡ. ಕರಿ ನೆಲದ ಬಯಲು, ನಡುವೆ ಹುಣಸೆಮರಗಳ ತೋಪು, ಒಂದು ಸಿಹಿನೀರಿನ ಬಾವಿ. ಒಂದು ಕಡೆ ಗಾಡಿಗಳು, ಇನ್ನೊಂದು ಕಡೆ ನಡೆದು ಬಂದವರು ಕಂಬಳಿ, ತಾಡಪತ್ರಿ ಎಳೆದು ಕಟ್ಟಿದ ಡೇರೆಗಳು. ನಡುವೆ ಗೋಡೆಯಿಲ್ಲ, ಬೇಲಿಯಿಲ್ಲ. ಅವರ ಒಗ್ಗರಣೆ ಇವರಿಗೆ, ಇವರ ಕೆಮ್ಮು ಅವರಿಗೆ.

ಗುರುಸಿದ್ಧವ್ವ ಇಳಿದವಳೇ ಡೇರೆಗಳ ಕಡೆ ಹೋದಳು. ಅಲ್ಲಿ ತಿಪ್ಪವ್ವ ಇದ್ದಳು. ವರ್ಷವರ್ಷವೂ ಇಬ್ಬರೂ ಒಂದೇ ಕಂಬಳಿ ಹಾಸಿ ಮಲಗಿದವರು. ಆದರೆ ಕಂಬಳಿಯ ಹತ್ತಿರ ಹೋಗುವಷ್ಟರಲ್ಲಿ ಹೊಸದಾಗಿ ಬಂದ ಸೊಸೆಯೊಬ್ಬಳು, "ಇವರು ಗಾಡಿಯವರ ಪೈಕಿ ಅಲ್ಲೇನು? ಆ ಕಡೆ ಕುಂದ್ರಸ್ರಿ, ಇಲ್ಲಿ ನಡಿಯವ್ರ ಮಲಗ್ತಾರ" ಅಂದಳು. ತಿಳಿಯದೆ ಆಡಿದ ಮಾತು. ಗುರುಸಿದ್ಧವ್ವ ನಗುತ್ತಲೇ ತಿರುಗಿ ಬಂದಳು. ಗಾಡಿಯ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ತನ್ನ ಪಾದ ನೋಡಿಕೊಂಡಳು. ಮೆಟ್ಟಿಲ ಕೆಳಗೆ ನಾನಿದ್ದೆ. ಆ ಪಾದಗಳು ನನ್ನ ಕಣ್ಣೆದುರಿಗೇ ಇದ್ದವು. ಬಿರುಕು ಬಿಟ್ಟ ಹಿಮ್ಮಡಿ, ಧೂಳಿಲ್ಲ.

"ಏನಾತು?" ಅಂದ ನಿರುಪಾದೆಪ್ಪ.

"ಏನಿಲ್ರಿ. ನಾನು ಇನ್ನ ಮ್ಯಾಲೆ ಅವರಾಕಿ ಅಲ್ಲೇನೋ ಅನಸ್ತು."

ಹೆಂಡತಿಯ ಕಣ್ಣಲ್ಲಿ ನೀರು ಕಂಡರೆ ಆ ಮನುಷ್ಯನಿಗೆ ಏನಾದರೂ ಒಂದು ಕೆಲಸ ಮಾಡಿಯೇ ತೀರಬೇಕು. ಹೊತ್ತು ನೆತ್ತಿಗೆ ಬಂದಿತ್ತು. ಡೇರೆಯವರು ಆಗ ತಾನೇ ಉಂಡು ಮಲಗುತ್ತಿದ್ದರು. "ಪಾಪ, ಕಾವಿನ್ಯಾಗ ಬೇಯಾಕತ್ತಾರ. ಅವರ್ಗೂ ಗಾಳಿ ಬೀಸೋಣು. ಸೇವಾ ಮಾಡಿದವರು ಪರಕೀಯರು ಹ್ಯಾಂಗಾಗ್ತಾರ?" ಎಂದು ಗಾಡಿಯಿಂದ ದೊಡ್ಡ ಫ್ಯಾನು ಇಳಿಸಿದ. ವೈರು ಸಾಲಲಿಲ್ಲ. ಆಗ ನನ್ನನ್ನೇ ಎರಡು ಕೈಯಲ್ಲಿ ಎತ್ತಿಕೊಂಡು ಹೋಗಿ ಡೇರೆಯ ಬಾಯಿಗೇ ಇಟ್ಟ. ಹಗ್ಗ ಎಳೆದ. ನಾನು ಮದುವೆಮನೆಯ ಹುರುಪಿನಲ್ಲಿ ಬಾಯಿ ತೆರೆದೆ.

ಇಲ್ಲಿ ಒಂದು ಸಂಗತಿ ಹೇಳಬೇಕು. ಕಂಬಿಯ ಜನ ಕೋಳಿ ಕೂಗುವ ಮೊದಲೇ ಎದ್ದು, ತಂಪು ಹೊತ್ತಿನಲ್ಲಿ ನಡೆದು, ಬಿಸಿಲೇರಿದಾಗ ನಿಲ್ಲುವವರು. ಮಧ್ಯಾಹ್ನವೇ ಅವರ ರಾತ್ರಿ. ರಾತ್ರಿ ಬಹುಪಾಲು ಜಪಧ್ಯಾನದಲ್ಲೇ ಕಳೆಯುವುದರಿಂದ ಆಗ ಬಿಟ್ಟರೆ ಅವರಿಗೆ ನಿದ್ದೆಯಿಲ್ಲ. ಇನ್ನೊಂದು, ಮಲ್ಲಯ್ಯನ ದಾರಿಯಲ್ಲಿ ಯಾರಾದರೂ ಸೇವೆ ಮಾಡಬಂದರೆ ಬೇಡ ಎನ್ನಬಾರದು ಎಂಬುದು ಅವರ ಕಟ್ಟಳೆ. ನೀರು ಕೊಟ್ಟರೆ ಕುಡಿಯಬೇಕು, ಪಾದಕ್ಕೆ ಎಣ್ಣೆ ಹಚ್ಚಿದರೆ ಕಾಲು ಚಾಚಬೇಕು. ಹೀಗೆ ನನ್ನ ಫ್ಯಾನಿನ ಗಾಳಿಯಲ್ಲಿ ಅವರೆಲ್ಲ ಕಣ್ಣು ಮುಚ್ಚಿಕೊಂಡು, ಕೈ ಮುಗಿದು, ಎಚ್ಚರವಾಗಿ ಬಿದ್ದುಕೊಂಡಿದ್ದರು. ತಿಪ್ಪವ್ವನ ತಲೆ ನನ್ನಿಂದ ಮೊಳ ದೂರದಲ್ಲಿತ್ತು. ಸೆರಗನ್ನು ಕಿವಿಗೆ ಒತ್ತಿಕೊಂಡು ಅವಳು ತುಟಿಯಲ್ಲೇ ಜಪ ಮಾಡುತ್ತಿದ್ದುದನ್ನು ನಾನು ನೋಡಿದೆ. ಆದರೆ ನಿಲ್ಲುವುದು ನನ್ನ ಕೈಯಲ್ಲಿ ಎಲ್ಲಿತ್ತು?

ಮರುದಿನ ನಸುಕಿನಲ್ಲಿ ಅವರ ಸರದಿ. ಕಂಬಿ ಹೊರುವ ಅಡಿವೆಪ್ಪಜ್ಜ ಗಂಟೆ ಅಲುಗಿಸಿದ, ಜನ ಒಂದೇ ದನಿಯಲ್ಲಿ "ಉಘೇ ಉಘೇ" ಎಂದರು, ಗಾಡಿಯ ತಗಡು ಝಣ್ ಎಂದಿತು. ಗುರುಸಿದ್ಧವ್ವ ಬೆಚ್ಚಿ ಎದ್ದು ಕುಳಿತು ಕೈ ಮುಗಿದಳು. ನಿರುಪಾದೆಪ್ಪ ಮಾತ್ರ ಕಿಟಕಿಯಿಂದ ತಲೆ ಹಾಕಿ, "ಯಜ್ಜಾ, ನಿಮ್ಮ ಮಲ್ಲಯ್ಯ ಕಿವುಡೇನು?" ಅಂದ.

"ಅವಂಗ ಕಿವಿ ಛಲೋ ಅದಾವು. ಎದ್ದಾವೋ ಇಲ್ಲೋ ನೋಡಬೇಕಾದ್ದು ನಿನ್ನವು" ಅಂದ ಅಜ್ಜ, ನಡೆಯುತ್ತಲೇ.

ಮುಂದಿನ ತಂಗುದಾಣವೂ ಬಾವಿಯಿದ್ದ ಒಂದು ತೋಪೇ. ಅಲ್ಲಿ ನಾವು ಮೊದಲೇ ಹೋಗಿ ಕಾಯುತ್ತಿದ್ದೆವು. ಎಲ್ಲರೂ ಬಂದರು, ತಿಪ್ಪವ್ವ ಬರಲಿಲ್ಲ. ಬಿಸಿಲೇರಿದ ಮೇಲೆ ಕುಂಟುತ್ತ ಬಂದಳು. ಮೊಣಕಾಲು ತರಚಿ ರಕ್ತ ಒಣಗಿತ್ತು. ನಡೆಯುತ್ತ ನಡೆಯುತ್ತ ತೂಕಡಿಸಿ ಬಿದ್ದಳಂತೆ. ಹಿಂದಿನಿಂದ ಬಂದ ಟ್ರ್ಯಾಕ್ಟರಿನವನು ಹತ್ತು ಎಂದರೂ ಹತ್ತಿಲ್ಲ. ಒಮ್ಮೆ ಗಾಲಿ ಹತ್ತಿದರೆ ಆ ವರ್ಷದ ನಡಿಗೆ ಮುರಿದಂತೆ.

ಗುರುಸಿದ್ಧವ್ವ ಬಿಸಿನೀರು ಕಾಸಿ, ಎಣ್ಣೆ ತಂದು, ಬಿಸಿಲನ್ನೂ ಲೆಕ್ಕಿಸದೆ ಅವಳ ಕಾಲ ಬಳಿ ಕೂತಳು. ಪಾದ ನೀರಿಗೆ ಇಳಿದದ್ದೇ ತಡ, ತಿಪ್ಪವ್ವ ಮರಕ್ಕೆ ಒರಗಿದಲ್ಲೇ ನಿದ್ದೆಹೋದಳು. ಬಾಯಿ ಅರೆ ತೆರೆದಿತ್ತು, ಮುಖ ಮಗುವಿನದಾಗಿತ್ತು. ಅಷ್ಟರಲ್ಲಿ ನಿರುಪಾದೆಪ್ಪ ನನ್ನನ್ನು ಎತ್ತಿಕೊಂಡು ಬಂದ. "ಪಾಪ, ಫ್ಯಾನ್ ಹಚ್ತೀನಿ ತಡಿ" ಎಂದು ಹಗ್ಗ ಎಳೆದೇಬಿಟ್ಟ.

ತಿಪ್ಪವ್ವ ಹೊಡೆತ ತಿಂದವಳಂತೆ ನೆಗೆದೆದ್ದಳು. ಬಿಸಿನೀರಿನ ಬೋಗುಣಿ ಮಗುಚಿತು. ಕೆಂಪಾದ ಕಣ್ಣುಗಳನ್ನು ಗುರುಸಿದ್ಧವ್ವ ಆಗ ನೋಡಿದಳು.

"ತಿಪ್ಪವ್ವಾ, ನಿನ್ನಿ ನಿದ್ದಿ ಆತಿಲ್ಲೋ?"

"ಆತಲ್ಲಕ್ಕ. ಗಾಳಿ ಭಾಳ ಛಲೋ ಇತ್ತು."

"ಮಲ್ಲಯ್ಯನ ದಾರ್ಯಾಗ ಸುಳ್ಳ ಹೇಳ್ತಿಯಾ?"

ತಿಪ್ಪವ್ವ ನಕ್ಕಳು. "ಸೇವಾ ಬ್ಯಾಡ ಅನಬಾರದಲ್ಲಕ್ಕ. ಫ್ಯಾನು ಛಲೋ ಐತಿ, ತಕರಾರಿಲ್ಲ. ಆದ್ರ ಅದರ ಅವ್ವ ಐತೆಲ್ಲ, ಭಾಳ ಬಾಯಿಬಡಕಿ." ಬೆರಳು ನನ್ನ ಕಡೆ.

ಡೇರೆಯೊಳಗೆ ಯಾರೋ ಕಿಸಕ್ಕನೆ ನಕ್ಕರು. ನಿರುಪಾದೆಪ್ಪ ನನ್ನನ್ನು ನಿಲ್ಲಿಸಿದ. ಅವನ ಮುಖ ಸಣ್ಣದಾಗಿತ್ತು. "ನಾ ನಿಮ್ಮ ಸಲುವಾಗೇ ಹಚ್ಚಿದ್ದು. ಮತ್ತ ನೀವು ಮುಂಜಾನೆ ಗಾಡಿ ಬಾಗಲಕ್ಕ ಬಂದು ಗಂಟಿ ಬಾರಸ್ತೀರಲ್ಲ, ಅದು ನಿದ್ದಿ ಕೆಡಸೂದಿಲ್ಲೇನು? ಈಕಿಗೆ ಎದಿ ಬಡದು ಬಡದು ಬರತೈತಿ" ಎಂದು ಹೆಂಡತಿಯ ಕಡೆ ತೋರಿಸಿದ.

"ಅದು ದೇವರ ಗಂಟಿ" ಅಂದ ಅಡಿವೆಪ್ಪಜ್ಜ. "ಮನಿ ಬಿಟ್ಟು ಹೊಂಟ ಮ್ಯಾಲೆ ಗಂಟಿ ಸುಮ್ಮಾಗಬಾರದು. ನಮ್ಮಪ್ಪ ಹೊತ್ತಾಗಿಂದ ಸುಮ್ಮಾಗಿಲ್ಲ."

ಗುರುಸಿದ್ಧವ್ವ ಎದ್ದಳು. "ಏನ್ರಿ, ಹೊತ್ತು ಮುಳುಗೂತನ ಇದನ್ನ ಹಚ್ಚಬ್ಯಾಡ್ರಿ."

"ಹುಚ್ಚು ಹಿಡದೈತೇನು ನಿನಗ? ಕೂಲರ್ ಇಲ್ಲಂದ್ರ ಗಾಡಿ ಒಲಿ ಆಗತೈತಿ. ಡಾಕ್ಟರ ಏನಂದಾರ?"

"ಗಾಡ್ಯಾಗ ಇದ್ರ ಅಲ್ಲೇನ್ರಿ ಒಲಿ?" ಎಂದು ಅವಳು ಒಂದು ಸೀರೆ ಬಾವಿನೀರಿನಲ್ಲಿ ಅದ್ದಿ ಹಿಂಡಿ ಮೈಮೇಲೆ ಹೊದ್ದು, ಮರದ ನೆರಳಿಗೆ ಬಂದು ತಿಪ್ಪವ್ವನ ಕಂಬಳಿಯ ಅರ್ಧಕ್ಕೆ ಮಲಗಿದಳು. ಆ ಹೊಸ ಸೊಸೆ ತನ್ನ ಗಂಟು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು.

ನಿರುಪಾದೆಪ್ಪ ನಿಂತಲ್ಲೇ ನಿಂತಿದ್ದ. ಅವನ ಹೆದರಿಕೆ ನನಗೆ ಗೊತ್ತು. ಆ ಹೆದರಿಕೆಯೇ ನನ್ನನ್ನು ಕೊಂಡು ತಂದದ್ದು. ಆಮೇಲೆ ಗಾಡಿಗೆ ಹೋಗಿ ಈಚಲ ಬೀಸಣಿಕೆ ಹುಡುಕಿ ತಂದು, ಇಬ್ಬರ ತಲೆಯ ಹತ್ತಿರ ಕೂತು ಬೀಸತೊಡಗಿದ. ಸೀರೆ ಆರಿದಂತೆಲ್ಲ ನೀರು ಚಿಮುಕಿಸುವನು, ಮತ್ತೆ ಬೀಸುವನು. ಕೈ ಸೋತರೆ ಕೈ ಬದಲಿಸುವನು. ಲಾರಿಯ ಸ್ಟೇರಿಂಗು ಹಿಡಿದ ಕೈ. ಅದಕ್ಕೆ ಸೋಲು ಬೇಗ ಬರುವುದಿಲ್ಲ. ಗುರುಸಿದ್ಧವ್ವ ನಡುನಡುವೆ ಏದುಸಿರು ಬಿಟ್ಟಾಗ ಬಾಗಿ ನೋಡುವನು, ಉಸಿರು ಹದಕ್ಕೆ ಬಂದ ಮೇಲೆ ನೆಟ್ಟಗೆ ಕೂರುವನು. ತೋಪಿನ ತುಂಬ ನೂರು ಜನರ ಗೊರಕೆ. ಹುಟ್ಟಿದ ಮೇಲೆ ನಾನು ಮೊದಲ ಸಲ ಬೇರೆ ದನಿಗಳಿಗೆ ಕಿವಿಗೊಟ್ಟದ್ದು ಆವತ್ತು. ಒಣ ಎಲೆ ಬಿದ್ದದ್ದು ಕೇಳಿತು. ಬಾವಿಯ ರಾಟೆಯಿಂದ ಹನಿ ಬಿದ್ದದ್ದು ಕೇಳಿತು.

ಅಡಿವೆಪ್ಪಜ್ಜ ಮಲಗಿರಲಿಲ್ಲ. ಮರಕ್ಕೆ ಒರಗಿಸಿದ ಕಂಬಿಯ ಪಕ್ಕ ಕೂತು ಆ ಬೀಸಣಿಕೆಯನ್ನೇ ನೋಡುತ್ತಿದ್ದ.

ಮರುದಿನ ನಸುಕಿನಲ್ಲಿ ಗಾಡಿಯೊಳಗಿನವರನ್ನು ಯಾವ ಗಂಟೆಯೂ ಎಬ್ಬಿಸಲಿಲ್ಲ. ಮೆಟ್ಟಿಲ ಕೆಳಗಿದ್ದ ನನಗೆ ಮಾತ್ರ ಕಂಡಿತು: ಅಜ್ಜ ತನ್ನ ರುಮಾಲು ಬಿಚ್ಚಿ, ಹರಿದು, ಗಂಟೆಗಳ ನಾಲಗೆಗೆ ಒಂದೊಂದು ಚೂರು ಸುತ್ತುತ್ತಿದ್ದ. ಅಪ್ಪನ ಕಾಲದಿಂದ ಸುಮ್ಮನಾಗದ ಗಂಟೆ. ತಿಪ್ಪವ್ವ ಹತ್ತಿರ ಬಂದು, "ಯಜ್ಜಾ, ದೋಷ ಬರೂದಿಲ್ಲೇನು?" ಎಂದು ಪಿಸುಗುಟ್ಟಿದಳು.

"ಬಂದ್ರ ನನಗ ಬರಲಿ" ಅಂದ ಅಜ್ಜ. "ಮಲಗಿದವರೊಳಗೂ ಆ ಮಲ್ಲಯ್ಯನೇ ಮಲಗಿರ್ತಾನಲ್ಲವಾ. ಅವನ ಗಂಟಿಲೆ ಅವನ್ನ ಯಾಕ ಎಬ್ಬಸೂದು?"

ಕಂಬಿ ಗಾಡಿಗಳನ್ನು ದಾಟುವವರೆಗೆ ಯಾರೂ ಉಸಿರೆತ್ತಲಿಲ್ಲ. ಬರಿಗಾಲುಗಳು ಧೂಳಿನಲ್ಲಿ ಮೆತ್ತಗೆ ಬಿದ್ದವು. ಕೊನೆಯ ಗಾಡಿ ದಾಟಿದ ಮೇಲೆ, ದೂರದ ತಿರುವಿನಲ್ಲಿ, ಬಟ್ಟೆ ಬಿಚ್ಚಿದ ಗಂಟೆ ಬಾಯಿ ಬಿಟ್ಟಿತು. ಮುಂಜಾನೆಯ ಗಾಳಿಯಲ್ಲಿ ಅದು ಗಾಡಿಗೂ ಬಂತು, ಆದರೆ ತೊಟ್ಟಿಲು ತೂಗುವಷ್ಟು ಮೆಲ್ಲಗೆ. ಗುರುಸಿದ್ಧವ್ವ ಎಚ್ಚರಾಗಿಯೇ ಇದ್ದಳು. ರುಮಾಲು ಹರಿದದ್ದು ಕೇಳಿಯೂ ಇದ್ದಳು. "ಏನ್ರಿ, ನಮ್ಮವರು ಹ್ವಾದ್ರು" ಅಂದಳು.

ಮುಂದಿನ ವರ್ಷ ನಿರುಪಾದೆಪ್ಪ ಸದ್ದಿಲ್ಲದ ಬ್ಯಾಟರಿ ಹಾಕಿಸಿದ. ನನಗೆ ಗಾಡಿಯಲ್ಲಿ ಕೆಲಸ ಉಳಿಯಲಿಲ್ಲ. ನನ್ನನ್ನು ಈ ಹುಣಸಿಹೊಂಡದ ಬಾವಿಗೆ ಕೊಟ್ಟುಬಿಟ್ಟ. ಹೊತ್ತು ಇಳಿದು ಡೇರೆಯವರು ಎದ್ದ ಮೇಲೆ ನನ್ನ ಹಗ್ಗ ಎಳೆಯುವರು. ಮೋಟರು ತಿರುಗಿ ನೀರು ತೊಟ್ಟಿಗೆ ಬೀಳುವುದು. ಗಾಡಿಯವರೂ ನಡೆಯುವವರೂ ಕೊಡ ಹಿಡಿದು ಒಂದೇ ಸಾಲಿನಲ್ಲಿ ನಿಲ್ಲುವರು. ಆಗ ನನ್ನ ಗದ್ದಲವನ್ನು ಯಾರೂ ಬೈಯಲಿಲ್ಲ. ದನಿ ತಪ್ಪಲ್ಲ, ಹೊತ್ತು ತಪ್ಪಬಹುದು ಎಂದು ನನಗೆ ತಿಳಿಸಿದ್ದು ಆ ಕೆಲಸ. ಆಮೇಲೆ ತೋಪಿಗೆ ಕರೆಂಟು ಬಂತು. ನನ್ನ ಹಗ್ಗ ಒಣಗಿ ತುಂಡಾಯಿತು. ಹೊಟ್ಟೆಯೊಳಗೆ ಇರುವೆ ಗೂಡು ಕಟ್ಟಿದವು.

ಈ ಯುಗಾದಿಗೂ ಕಂಬಿ ಬಂತು. ಹೊತ್ತವನು ಅಜ್ಜನ ಮೊಮ್ಮಗ. ಗಂಟೆಯ ಪಕ್ಕದಲ್ಲಿ ಮಡಿಸಿದ ಬಟ್ಟೆಯ ಚೂರುಗಳು ಈಗಲೂ ತೂಗುತ್ತವೆ. ಆ ಮಿನಿ ಬಸ್ಸೂ ಬಂತು, ಆದರೆ ಇಳಿದವನು ನಿರುಪಾದೆಪ್ಪ ಒಬ್ಬನೇ. ಗುರುಸಿದ್ಧವ್ವ ಮಾಘದಲ್ಲಿ ಮಲ್ಲಯ್ಯನ ಪಾದ ಸೇರಿದ್ದಳು. ಅವಳ ಅರ್ಧ ಕಂಬಳಿಯನ್ನು ಯಾರೂ ತುಳಿಯಲಿಲ್ಲ. "ಅದು ನಮ್ಮ ಗುರುಸಿದ್ಧವ್ವನ ಜಾಗ" ಎಂದು ಆ ಸೊಸೆಯೇ ಈ ಸಲ ಬಂದ ಹೊಸಬರಿಗೆ ಹೇಳಿದಳು.

ತಿಪ್ಪವ್ವನಿಗೆ ಅದರ ಪಕ್ಕ ಮಲಗಲು ಮನಸ್ಸಾಗಲಿಲ್ಲವೇನೋ. ಎದ್ದು, ಬಾವಿಯ ಚಪ್ಪರದ ಕೆಳಗೆ ಬಂದು, ನನ್ನ ಪಕ್ಕ ಕೂತಳು. ನನ್ನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. "ಏನ ಬಾಯಿಬಡಕಿ, ನೀನೂ ಸುಮ್ಮಾದಿ?" ಅಂದಳು. ನಿರುಪಾದೆಪ್ಪ ಬೀಸಣಿಕೆ ತಂದು ಎದುರಿಗೆ ಕೂತ. ಅವಳು ಸೇವೆ ಬೇಡ ಎನ್ನಲಿಲ್ಲ. ಗಾಳಿ ಬೀಸಿತು. ಅವಳ ಮುದಿ ಬೆನ್ನು ಮೆಲ್ಲಗೆ ನನ್ನ ಬೆನ್ನಿಗೆ ಒರಗಿತು. ಆ ಕಾರ್ಖಾನೆಯ ಅಂಗೈಯ ನಂತರ ನನ್ನನ್ನು ಹಾಗೆ ಮುಟ್ಟಿದವರು ಯಾರೂ ಇರಲಿಲ್ಲ. ನನ್ನೊಳಗೆ ಈಗ ನಡುಕವಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಗೊರಕೆ ನನ್ನ ತಗಡಿನೊಳಗೆಲ್ಲ ತುಂಬಿಕೊಂಡಿತು, ಮತ್ತು ನಾನು ಅದನ್ನು ಕೇಳುತ್ತ ಕೂತೆ.