ಅರ್ಧಕ್ಕೆ ನಿಂತ ಗಾಜಿನ ಮನೆ

ಮಗ ಸತ್ತ ಮೇಲೆ ಹಿತ್ತಿಲ ಬಾಗಿಲನ್ನು ತಂದೆ ತೆರೆದಿರಲಿಲ್ಲ. ತೆರೆದರೆ ಎದುರಿಗೇ ಅದು ನಿಂತಿರುತ್ತಿತ್ತು: ನಾಲ್ಕೂ ಕಡೆ ಗೋಡೆ ಎದ್ದು, ಚಾವಣಿ ಮಾತ್ರ ಇಲ್ಲದ ಗಾಜಿನ ಮನೆ.

ಮಗ ಗಾಜು ಕೂರಿಸುವ ಕೆಲಸದವನು. ಹಳೆಯ ಕಟ್ಟಡ ಕೆಡವುತ್ತಾರೆಂದು ಸುದ್ದಿ ಕಿವಿಗೆ ಬಿದ್ದಲ್ಲೆಲ್ಲ ಹೋಗಿ, ಯಾರಿಗೂ ಬೇಡವಾದ ಕಿಟಕಿಗಳನ್ನು ಹೊತ್ತು ತಂದು, ಎರಡು ವರ್ಷ ಒಂದೊಂದಾಗಿ ಜೋಡಿಸಿದ್ದ. ಒಂದು ಶಾಲೆಯದು, ಒಂದು ಬೇಕರಿಯದು. ಇನ್ನೊಂದರ ಮೇಲೆ ಯಾರೋ ಹಲ್ಲಿನ ಡಾಕ್ಟರ ಹೆಸರಿನ ಅರ್ಧ ಅಕ್ಷರಗಳು ಇನ್ನೂ ಅಂಟಿಕೊಂಡಿದ್ದವು. ಒಂದರ ಅಳತೆಗೆ ಇನ್ನೊಂದು ಹೊಂದುತ್ತಿರಲಿಲ್ಲ. ಚಳಿಗಾಲದಲ್ಲೂ ಮನೆಯಲ್ಲೇ ತರಕಾರಿ ಬೆಳೆಯಬೇಕೆಂಬುದು ಅವನ ಹೆಂಡತಿಯ ಆಸೆ. ಅದಕ್ಕಾಗಿ ಇಷ್ಟೆಲ್ಲ ಸಾಹಸ. ಚಾವಣಿಯೊಂದು ಆಗಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ, ಎಲೆ ಉದುರುವ ಕಾಲದ ಒಂದು ಮಂಗಳವಾರ, ಕೆಲಸದ ಜಾಗದಲ್ಲಿ ಸಾರುವೆಯ ಹಲಗೆ ಜಾರಿ ಮೂರನೆಯ ಮಹಡಿಯಿಂದ ಬಿದ್ದ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಉಸಿರು ನಿಂತಿತ್ತು.

ಮನೆಯಲ್ಲಿ ಉಳಿದವರು ಇಬ್ಬರು, ಮಾವ ಮತ್ತು ಸೊಸೆ. ಮಾವ ರೈಲ್ವೆಯಲ್ಲಿ ಮೂವತ್ತನಾಲ್ಕು ವರ್ಷ ಸಿಗ್ನಲ್ ಕ್ಯಾಬಿನ್ನಿನಲ್ಲಿ ದುಡಿದು ನಿವೃತ್ತರಾದವರು. ಯಾರು ಏನು ಕೇಳಿದರೂ ಅವರ ಬಾಯಿಂದ ಮೊದಲು ಬರುತ್ತಿದ್ದುದು 'ಬೇಡ'. ಹೀಗಾಗಿ ಜೊತೆಯವರು ಅವರಿಗೆ ಕೆಂಪು ದೀಪ ಎಂದು ಹೆಸರಿಟ್ಟಿದ್ದರು. ಮಗನೂ ಬಾಯ್ತಪ್ಪಿ ಹಾಗೆಯೇ ಕರೆದು ಚಿಕ್ಕಂದಿನಲ್ಲಿ ಕಿವಿ ಹಿಂಡಿಸಿಕೊಂಡಿದ್ದ. ಸೊಸೆ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವಳು. ಮಾತು ಕಮ್ಮಿ, ಕೆಲಸ ಅಚ್ಚುಕಟ್ಟು. ಐದು ವರ್ಷ ಒಂದೇ ಸೂರಿನಡಿ ಇದ್ದರೂ ಇವರಿಬ್ಬರ ನಡುವಿನ ಮಾತೆಲ್ಲ ಅವನ ಮೂಲಕವೇ ಹಾದುಹೋಗುತ್ತಿತ್ತು. 'ಅಪ್ಪನಿಗೆ ಉಪ್ಪು ಜಾಸ್ತಿಯಾಯ್ತಂತೆ' ಎಂದು ಅವನು ಅವಳಿಗೆ ಹೇಳುವನು, 'ಅವಳಿಗೆ ನಿಮ್ಮ ರೇಡಿಯೋ ಸದ್ದು ಜಾಸ್ತಿಯಾಯ್ತಂತೆ' ಎಂದು ಇವರಿಗೆ. ಈಗ ಉಪ್ಪಿನ ಮಾತೂ ಇಲ್ಲ, ರೇಡಿಯೋವೂ ಇಲ್ಲ.

ಮಾವನ ಎದೆಯಲ್ಲಿ ಇನ್ನೊಂದು ಸಂಗತಿ ಕೂತಿತ್ತು. ಆ ಮಂಗಳವಾರ ಬೆಳಿಗ್ಗೆ ಮಗ ಚಹಾ ಲೋಟ ಹಿಡಿದು ಕೇಳಿದ್ದ: "ಅಪ್ಪ, ಇವತ್ತು ಬಿಸಿಲು ಚೆನ್ನಾಗಿದೆ. ರಜೆ ಹಾಕಿ ಚಾವಣಿ ಮುಗಿಸಿಬಿಡ್ಲಾ? ನೀವು ಸ್ವಲ್ಪ ಕೈ ಕೊಡ್ತೀರಾ?" ಪತ್ರಿಕೆಯಿಂದ ತಲೆಯೆತ್ತದೆ ಅವರು ಹೇಳಿದ್ದರು: "ಬೇಡ. ಅದೆಲ್ಲ ಭಾನುವಾರದ ಕೆಲಸ. ನೆಟ್ಟಗೆ ಡ್ಯೂಟಿಗೆ ಹೋಗು." ಅವನು ಹೋದ. ಇದನ್ನು ಅವರು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ಚಳಿ ಹೆಚ್ಚಾದ ಮೇಲೆ ಒಂದು ಭಾನುವಾರ ಹಿತ್ತಿಲಿನಿಂದ ಸುತ್ತಿಗೆಯ ಸದ್ದು ಕೇಳಿಸಿತು. ತಡೆತಡೆದು ಬರುವ, ಅಭ್ಯಾಸವಿಲ್ಲದ ಕೈಯ ಸದ್ದು. ಸ್ವಲ್ಪ ಹೊತ್ತು ಸಹಿಸಿಕೊಂಡರು. ಆಮೇಲೆ ತಡೆಯಲಾಗದೆ ಬಾಗಿಲು ತೆಗೆದು ನೋಡಿದರೆ, ಸೊಸೆ ಏಣಿ ಹತ್ತಿ, ಗಾಜಿನ ಮನೆಯ ತೆರೆದ ತಲೆಯ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಎಳೆದು ಮೊಳೆ ಹೊಡೆಯುತ್ತಿದ್ದಳು. ಅವರು ಏಣಿಯ ಬುಡಕ್ಕೆ ಧಾವಿಸಿದರು.

"ಇಳಿ! ಮೊದಲು ಇಳಿ ಕೆಳಗೆ!"

ಅವಳು ತಿರುಗಿ ನೋಡಿದಳು, ಇಳಿಯಲಿಲ್ಲ. "ಇನ್ನೊಂದೇ ಅಂಚು ಮಾವ. ಹೀಗೇ ಬಿಟ್ರೆ ಹಿಮ ತುಂಬಿ ಚೌಕಟ್ಟೆಲ್ಲ ಕೊಳೀತದೆ."

"ಕೊಳೀಲಿ. ಕಿತ್ತು ಹಾಕಿಸೋಣ ಅಂತಿದ್ದೆ."

"ಕಿತ್ತು ಹಾಕೋರು ನನ್ನ ಕೇಳ್ಬೇಕಿತ್ತು," ಎಂದಳು. ಗಟ್ಟಿಯಾಗಿ ಹೇಳಲಿಲ್ಲ, ಆದರೆ ಐದು ವರ್ಷದಲ್ಲಿ ಅವಳು ಅವರಿಗೆ ನೇರವಾಗಿ ಎದುರಾಡಿದ್ದು ಅದೇ ಮೊದಲು. ಅವರು ಏಣಿಯ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಕೆಳಗಿನಿಂದಲೇ, "ಮೊಳೆ ಹಾಗೆ ಹೊಡೆದ್ರೆ ಹಾಳೆ ಹರೀತದಮ್ಮ. ಕೆಳಗೊಂದು ರಟ್ಟಿನ ಚೂರು ಇಟ್ಟು ಹೊಡಿ," ಎಂದರು.

ಚಳಿಗಾಲ ಕಳೆಯುವ ಮುಂಚೆಯೇ ಒಳಗೆ ಹಲಗೆಗಳು ಬಂದವು, ಹಲಗೆಯ ಮೇಲೆ ಮಣ್ಣು ತುಂಬಿದ ತಟ್ಟೆಗಳು. ಟೊಮೆಟೊ, ಮೆಣಸಿನಕಾಯಿ, ಸೌತೆ, ಎಲೆಕೋಸು, ಈರುಳ್ಳಿ. ಬೀಜ ಹಾಕುವುದು ಅವಳ ಕೆಲಸ. ಕನ್ನಡಕದ ಗಾಜು ಹಿಡಿದ ಬೆರಳು, ಒಂದೊಂದು ಬೀಜಕ್ಕೂ ಒಂದೊಂದು ಗುಳಿ. ಹಗಲಲ್ಲಿ ಅವಳು ಅಂಗಡಿಗೆ ಹೋದಾಗ ನೋಡಿಕೊಳ್ಳುವುದು ಇವರ ಪಾಲಿಗೆ ಬಂತು. ಮಣ್ಣು ಒಣಗಿದೆಯೇ ಎಂದು ಬೆರಳಿಟ್ಟು ನೋಡುವುದು. ಬಿಸಿಲು ಏರಿದರೆ ಗೋಡೆಯ ಮೇಲಂಚಿನ ಗಾಳಿಕಿಂಡಿ ತೆಗೆಯುವುದು, ಇಳಿಬಿಸಿಲಿಗೆ ಮರೆಯದೆ ಮುಚ್ಚುವುದು. ಮೂವತ್ತನಾಲ್ಕು ವರ್ಷ ಹೊತ್ತು ಹೊತ್ತಿಗೆ ಸಿಗ್ನಲ್ಲಿನ ಸನ್ನೆಗೋಲು ಎಳೆದು ಬಿಟ್ಟ ಕೈಗೆ ಇದೇನು ಮಹಾ ಅನ್ನಿಸಿತ್ತು.

ಒಂಬತ್ತನೆಯ ದಿನ ಬೆಳಿಗ್ಗೆ ಟೊಮೆಟೊ ಮಣ್ಣು ಸೀಳಿಕೊಂಡು ಮೇಲೆದ್ದಿತು. ಗೂನು ಬೆನ್ನಿನ, ದಾರದಂಥ ಮೊಳಕೆ. ಬೀಜದ ಸಿಪ್ಪೆ ಇನ್ನೂ ತಲೆಯ ಮೇಲೆ ಟೋಪಿಯಂತೆ ಕೂತಿತ್ತು. ಅವರು ಕನ್ನಡಕ ತಂದು ಬಗ್ಗಿ ಎಣಿಸಿದರು. ಸಂಜೆ ಸೊಸೆ ಗೇಟು ತೆಗೆಯುವಷ್ಟರಲ್ಲೇ, "ಹದಿನೇಳು ಎದ್ದಿವೆ," ಎಂದರು. ಅವಳು ಚಪ್ಪಲಿಯನ್ನೂ ಬಿಡದೆ ಹಿತ್ತಿಲಿಗೆ ಓಡಿದಳು. ಅಂದು ಊಟದ ಹೊತ್ತಿಗೆ ಅವಳು, "ಸಾರಿಗೆ ಉಪ್ಪು ಸರಿ ಇದೆಯಾ ಮಾವ?" ಎಂದು ಕೇಳಿದಳು. ಕಮ್ಮಿಯಾಗಿತ್ತು. "ಸರಿ ಇದೆ," ಎಂದರು.

ಎರಡು ತಿಂಗಳಲ್ಲಿ ಸಸಿಗಳು ಗೇಣುದ್ದ ಬೆಳೆದು, ಹೊರಗಿನ ಮಡಿಗೆ ಹೋಗಲು ತಯಾರಾದವು. ಇನ್ನೊಂದು ವಾರ ಚಳಿ ತಗ್ಗಲಿ ಎಂದು ಕಾಯುತ್ತಿದ್ದರು. ಆಗ ಒಂದು ಮಧ್ಯಾಹ್ನ ಬಿಸಿಲು ಚುರುಚುರು ಎಂದಿತು. ಅವರು ಗಾಳಿಕಿಂಡಿ ತೆಗೆದು, ಬಾಗಿಲಿಗೆ ಇಟ್ಟಿಗೆ ಒತ್ತು ಕೊಟ್ಟು ಒಳಗೆ ಬರುವಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಮಗನ ಜೊತೆ ದುಡಿಯುತ್ತಿದ್ದ ಮೇಸ್ತ್ರಿ ನಿಂತಿದ್ದ, ಕೈಯಲ್ಲಿ ಕ್ಯಾನ್ವಾಸ್ ಚೀಲ.

"ಅವನ ಚೀಲ ಯಜಮಾನ್ರೇ. ವಿಚಾರಣೆ ಮುಗಿಯೋವರೆಗೆ ಕೊಡಂಗಿಲ್ಲ ಅಂದ್ರು. ಇವತ್ತು ಬಿಟ್ಟರು." ಚೀಲವನ್ನು ಅವರ ಕೈಗೆ ಕೊಟ್ಟು, ಟೋಪಿ ಹಿಂಡುತ್ತ ಹೊರಟುಹೋದ.

ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವರು ಕುರ್ಚಿಯಲ್ಲಿ ಕೂತರು. ಗಾಜು ಕೊಯ್ಯುವ ಕತ್ತಿ, ಟೇಪು, ಕಚ್ಚಿ ಕಚ್ಚಿ ಗಿಡ್ಡವಾದ ಪೆನ್ಸಿಲ್ಲು, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ. ಯಾವಾಗ ಕತ್ತಲಾಯಿತೋ ಅರಿವಾಗಲಿಲ್ಲ. ಸೊಸೆ ಅಂದು ಅಂಗಡಿಯಿಂದ ತಡವಾಗಿ ಬಂದು, ಮಾವ ಮಲಗಿದ್ದಾರೆಂದುಕೊಂಡು, ಸದ್ದಿಲ್ಲದೆ ತನ್ನ ಕೋಣೆಗೆ ಹೋದಳು.

ಬೆಳಗಿನ ಜಾವ ಅವರಿಗೆ ಕುರ್ಚಿಯಲ್ಲೇ ಎಚ್ಚರವಾದಾಗ ಕಿಟಕಿಯ ಗಾಜಿನ ಮೇಲೆ ಹಿಮದ ಹೂ ಮೂಡಿತ್ತು. ಆಗ ನೆನಪಾಯಿತು. ಬರಿಗಾಲಲ್ಲಿ ಓಡಿದರು. ಟೊಮೆಟೊ, ಮೆಣಸು, ಸೌತೆ ಎಲ್ಲ ಬೇಯಿಸಿ ಬಸಿದ ಸೊಪ್ಪಿನ ಹಾಗೆ ತಟ್ಟೆಯ ಅಂಚಿಗೆ ಜೋತುಬಿದ್ದಿದ್ದವು. ಒಂದನ್ನು ಎತ್ತಿ ನಿಲ್ಲಿಸಲು ನೋಡಿದರು. ಬೆರಳ ನಡುವೆಯೇ ಕಪ್ಪು ನೀರಾಯಿತು.

ಹಿಂದೆ ಅವಳು ಬಂದು ನಿಂತದ್ದು ತಿಳಿಯಿತು.

"ನಾನೇ ಮರೆತೆನಮ್ಮ. ಕಿಂಡಿ ಮುಚ್ಚಲಿಲ್ಲ."

"ಒಂದು ಕಿಂಡಿ ಮಾವ!" ಅವಳ ದನಿ ಒಡೆಯಿತು. "ನಾನು ಕೇಳಿದ್ದು ಅದೊಂದೇ! ಬೀಜ ಹಾಕಿ ಅಂದ್ನಾ? ಮಣ್ಣು ಹೊರಿ ಅಂದ್ನಾ? ಕಿಂಡಿ ಮುಚ್ಚೋದೊಂದೇ! ಅದೂ ನಿಮ್ಮ ಕೈಲಿ..."  ಹಲಗೆಗೆ ಒರಗಿ, ಸೆರಗಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಗಂಡ ಸತ್ತ ದಿನ ಜನರ ಮುಂದೆ ಅಳದಿದ್ದವಳು.

ಅವಳ ಅಳು ಸಸಿಗಲ್ಲ ಎಂಬುದು ಅವರಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಬಾಯಿಂದ ಬಂದುಬಿಟ್ಟಿತು:

"ಅವತ್ತು ಬೆಳಿಗ್ಗೆ ಅವನು ರಜೆ ಹಾಕ್ತೀನಿ ಅಂದ. ಚಾವಣಿ ಮುಗಿಸ್ತೀನಿ ಅಂದ. ನಾನೇ ಬೇಡ ಅಂದೆ. ಡ್ಯೂಟಿಗೆ ಕಳಿಸಿದ್ದು ನಾನು."

ಅವಳು ಮುಖದಿಂದ ಸೆರಗು ತೆಗೆದಳು. "ಗೊತ್ತು."

"ಏನು ಗೊತ್ತು?"

"ಗೇಟಿನ ಹತ್ರ ನಿಂತು ಅವರೇ ಹೇಳಿದ್ರು. 'ಅಪ್ಪನ್ನ ಕೇಳಿದೆ ಕಣೇ, ಕೆಂಪು ದೀಪ ಹತ್ತಿತು, ಗಾಡಿ ಡ್ಯೂಟಿಗೆ ಹೊರಟಿತು' ಅಂತ. ನಗ್ತಾ ಹೇಳಿದ್ರು."

ಅವರು ಕವುಚಿಟ್ಟ ಬಕೆಟ್ಟಿನ ಮೇಲೆ ಕೂತರು. ಆರು ತಿಂಗಳಿಂದ ಒಬ್ಬರೇ ಹೊತ್ತಿದ್ದೇನೆ ಎಂದುಕೊಂಡದ್ದನ್ನು ಇವಳೂ ಹೊತ್ತಿದ್ದಳು. ಹೊತ್ತುಕೊಂಡೇ ತಟ್ಟೆಗೆ ಅನ್ನ ಬಡಿಸಿದ್ದಳು.

"ಒಂದು ಮಾತು ಕೇಳಲಿಲ್ವಲ್ಲ ನೀನು."

"ಏನಂತ ಕೇಳ್ಲಿ? ಮೊದಮೊದಲು ನಿಮ್ಮ ಮುಖ ನೋಡೋಕೇ ಆಗ್ತಿರಲಿಲ್ಲ."

"ಈಗ?"

ಅವಳು ಸುಳ್ಳು ಹೇಳಲಿಲ್ಲ. "ಈಗ್ಲೂ ಕೆಲವು ದಿನ ಆಗಲ್ಲ ಮಾವ. ಕೆಲವು ದಿನ ಆಗುತ್ತೆ." ಮೂಗು ಒರೆಸಿಕೊಂಡಳು. "ನಾನಾದ್ರೂ ಏನು ಮಾಡ್ದೆ? ನಕ್ಕೆ. ಗೇಟು ಹಾಕ್ಕೊಂಡು ಒಳಗೆ ಬಂದೆ. ಇರಿ ಅನ್ನಬಹುದಿತ್ತು."

ಅವಳು ತಿಂಡಿ ತಿನ್ನದೆ ಕೆಲಸಕ್ಕೆ ಹೋದಳು. ಅವರು ಸತ್ತ ಸಸಿಗಳನ್ನು ಒಂದೊಂದೇ ಕಿತ್ತು ಬುಟ್ಟಿಗೆ ಹಾಕಿದರು. ಮಧ್ಯಾಹ್ನದ ಹೊತ್ತಿಗೆ, ಮೂಲೆಯ ತಟ್ಟೆಗಳಲ್ಲಿ ಚಳಿಗೆ ಜಗ್ಗದ ಎಲೆಕೋಸೂ ಈರುಳ್ಳಿಯೂ ಏನೂ ಆಗದವರಂತೆ ತಲೆಯೆತ್ತಿ ನಿಂತಿದ್ದು ಕಣ್ಣಿಗೆ ಬಿತ್ತು. ಸಂಜೆ ಅವಳು ಬಂದಾಗ ಕೈಯಲ್ಲಿ ಹೊಸ ಬೀಜದ ಪೊಟ್ಟಣಗಳಿದ್ದವು. ಕ್ಷಮಿಸಿದ್ದೇನೆ ಎಂದೇನೂ ಅವಳು ಹೇಳಲಿಲ್ಲ. ಅವರೂ ಕೇಳಲಿಲ್ಲ. "ತಡವಾಯ್ತು, ಆದ್ರೂ ನೋಡೋಣ," ಎಂದಳು. ಅಂದು ಮೊದಲ ಬಾರಿಗೆ ಅವರೂ ಪಕ್ಕದಲ್ಲಿ ಕೂತು ಬೀಜ ಹಾಕಿದರು. ದಪ್ಪ ಬೆರಳಿಗೆ ಮೂರು ಮೂರು ಒಟ್ಟಿಗೆ ಉದುರುತ್ತಿದ್ದವು. "ಮಾವ, ಅದು ಒಗ್ಗರಣೆ ಅಲ್ಲ, ಬಿತ್ತನೆ," ಎಂದು ಅವಳು ಹೆಚ್ಚಿನ ಬೀಜಗಳನ್ನು ಹೆಕ್ಕಿ ತೆಗೆದಳು.

ಬೇಸಿಗೆಯಲ್ಲಿ ಮೇಸ್ತ್ರಿ ತಾನಾಗಿ ಬಂದ. ಎರಡು ಭಾನುವಾರ ದುಡಿದು ಪ್ಲಾಸ್ಟಿಕ್ ತೆಗೆದು ಚಾವಣಿಗೆ ಗಾಜು ಕೂರಿಸಿದ. ಗಾಜು ಕೊಯ್ದ ಕತ್ತಿ ಮಗನದೇ. ಅವರು ಕೆಳಗಿನಿಂದ ಗಾಜು ಎತ್ತಿ ಕೊಟ್ಟರು, ಅವಳು ಏಣಿ ಹಿಡಿದಳು. ಮುಗಿದ ಮೇಲೆ ಮೂವರೂ ಒಳಗೆ ನಿಂತು ಮೇಲೆ ನೋಡಿದರು.  ಮೇಸ್ತ್ರಿ, "ಅಳತೆ ಎಲ್ಲ ಅವನು ಗೋಡೆ ಮೇಲೆ ಬರೆದಿಟ್ಟಿದ್ದ. ಒಂದು ನೂಲೂ ತಪ್ಪಿರಲಿಲ್ಲ," ಎಂದು ಹೇಳಿ ಕೈ ತೊಳೆಯಲು ಹೋದ.

ಹೊರಗಿನ ಮಡಿಗಳಲ್ಲಿ ಹುರುಳಿಕಾಯಿ ಕೋಲು ಹತ್ತಿತು, ಮೂಲಂಗಿ ಮೂರು ಸಲ ಬಂತು, ಎಲೆಕೋಸನ್ನು ಹುಳಗಳೊಂದಿಗೆ ಹಂಚಿಕೊಂಡದ್ದಾಯಿತು. ತಡವಾಗಿ ಹಾಕಿದ ಟೊಮೆಟೊ ಮಾತ್ರ ಹಸಿರಾಗಿಯೇ ಉಳಿದು, ಮತ್ತೆ ಎಲೆ ಉದುರುವ ಕಾಲ ಬಂತು. ಅವನು ಹೋಗಿ ವರ್ಷ ತುಂಬಿದ ದಿನ ಇಬ್ಬರೂ ಬೆಳಿಗ್ಗೆಯಿಂದ ಕಾಯಿ ಕಿತ್ತರು. ಮೆಲ್ಲಗೆ ಹಣ್ಣಾಗಲೆಂದು ಒಂದೊಂದನ್ನೂ ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ಮಂಚದ ಕೆಳಗೆ ಸಾಲಾಗಿ ಇಟ್ಟರು.

ಕೊನೆಯ ಸಾಲು ಇಡುತ್ತ ಅವಳು ಹೇಳಿದಳು: "ಮಾವ, ನಮ್ಮ ಅಕ್ಕನ ಊರಿನಲ್ಲಿ ಕನ್ನಡಕದ ಗಾಜಿನ ದೊಡ್ಡ ಕಾರ್ಖಾನೆ ಇದೆ. ಕರೆದಿದ್ದಾರೆ. ಹೊಸಬರಿಗೆ ಕಲಿಸೋ ಕೆಲಸ."

ಅವರ ಕೈ ನಿಂತಿತು. "ಯಾವಾಗಿಂದ ಯೋಚಿಸ್ತಿದ್ದೆ?"

"ಬೇಸಿಗೆಯಿಂದ. ನೀವು ಹೇಗಿರ್ತೀರೋ ಅಂತ..."

ಇರು ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಇಲ್ಲಿ ಇವಳಿಗೆ ಎಂದಿಗೂ ಸೊಸೆಯ ಸ್ಥಾನವೇ ಹೊರತು ಇನ್ನೊಂದು ಬದುಕಿಲ್ಲ ಎಂಬುದೂ ಅವರಿಗೆ ಕಾಣುತ್ತಿತ್ತು. "ದಾರಿ ಕಟ್ಟೋ ಮೊದಲೇ ಹೋಗಮ್ಮ," ಎಂದರು. "ಹಿಮ ಬಿದ್ದ ಮೇಲೆ ಬಸ್ಸು ನೆಚ್ಚೋ ಹಾಗಿಲ್ಲ."

ಅವಳು ಹೋದ ಮೇಲಿನ ಚಳಿಗಾಲ ಉದ್ದವಾಗಿತ್ತು. ಗಾಜಿನೊಳಗೆ ಪಾಲಕ್ ಬೆಳೆಯಿತು. ಒಬ್ಬರಿಗೆ ಎಷ್ಟು ಬೇಕು? ಉಳಿದದ್ದನ್ನು ಅಕ್ಕಪಕ್ಕದ ಮನೆಗಳಿಗೆ ಕೊಡುತ್ತಿದ್ದರು, ಬಾಗಿಲಲ್ಲೇ ನಿಂತು ಎರಡು ಮಾತಾಡಿ ಬರುತ್ತಿದ್ದರು. ಮನೆಗೆ ಬಂದರೆ ಗೋಡೆ ಗಡಿಯಾರದ ಟಿಕ್ ಟಿಕ್. ಫೋನ್ ಮಾಡುವುದು ಅವರ ಜಾಯಮಾನವೇ ಅಲ್ಲ. ಅವಳೇ ವಾರಕ್ಕೊಮ್ಮೆ ಮಾಡಿ, ಊಟವಾಯಿತೇ, ಮಾತ್ರೆ ತಗೊಂಡಿರಾ ಎಂದು ಕೇಳಿ ಇಡುತ್ತಿದ್ದಳು.

ಹೊಸ ಸಸಿಗಳು ಗೇಣುದ್ದವಾದಾಗ ಒಂದು ಬೆಳಿಗ್ಗೆ ಅವರೇ ಫೋನ್ ಹಚ್ಚಿದರು. ಆ ಕಡೆ ಅವಳು ಗಾಬರಿಯಾದಳು.

"ಮಾವ? ಹುಷಾರಿದ್ದೀರಾ? ಏನಾಯ್ತು?"

"ನನಗೇನಾಗುತ್ತೆ. ಟೊಮೆಟೊ ಎಲೆ ಅಡಿಯಲ್ಲಿ ಬಿಳೀ ನೊಣ ಕೂತಿದೆ. ಮುಟ್ಟಿದ್ರೆ ಹಿಟ್ಟು ಹಾರಿದ ಹಾಗೆ ಏಳುತ್ತೆ."

"ಅಯ್ಯೋ, ಹೆದರಿಸಿಬಿಟ್ರಿ. ಸೋಪಿನ ನೀರು ಚಿಮುಕಿಸಿ. ಎಲೆ ಅಡಿಗೆ ಬೀಳ್ಬೇಕು, ಮೇಲಲ್ಲ. ಸಂಜೆ ಹೊತ್ತು."

"ಎಷ್ಟು ಸೋಪು?"

"ಒಂದು ಚಮಚ, ಒಂದು ಲೀಟರಿಗೆ. ಜಾಸ್ತಿ ಹಾಕ್ಬೇಡಿ, ಎಲೆ ಸುಟ್ಟುಹೋಗುತ್ತೆ."

ಅವರು ಪೆನ್ಸಿಲಿನಲ್ಲಿ ಬರೆದುಕೊಂಡರು. ಹೇಳುವುದು ಮುಗಿದಿತ್ತು, ಆದರೂ ಫೋನ್ ಇಡಲಿಲ್ಲ. ಆ ಕಡೆ ಯಂತ್ರಗಳ ಸದ್ದು, ಯಾರೋ ಅವಳನ್ನು ಟೀಚರ್ ಎಂದು ಕರೆಯುವುದು ಕೇಳಿಸಿತು.

"ಕೆಲಸ ಇದೆಯೇನಮ್ಮ?"

"ಇರಲಿ ಮಾವ, ಕಾಯ್ತಾರೆ," ಎಂದಳು ಅವಳು. "ಮೆಣಸಿನಕಾಯಿ ಎಷ್ಟು ಎದ್ದಿವೆ, ಹೇಳಿ."

ಅವರು ಕುರ್ಚಿ ಎಳೆದುಕೊಂಡು ಕೂತು ಹೇಳತೊಡಗಿದರು.